ಜಾರ್ಜಿಯಾದಲ್ಲಿ ಖಾಸಗಿ ರಸ್ತೆ ಪ್ರವಾಸ

ಜಾರ್ಜಿಯಾದಲ್ಲಿ ಖಾಸಗಿ ರಸ್ತೆ ಪ್ರವಾಸ ಎಂದರೆ ಕಾಕಸಸ್ ಪರ್ವತಶ್ರೇಣಿಯ ದಕ್ಷಿಣ ಮಗ್ಗುಲಿನಲ್ಲಿರುವ ಜಾರ್ಜಿಯಾ ದೇಶವನ್ನು ಸ್ಥಳೀಯ ಚಾಲಕನೊಡನೆ ಬಾಡಿಗೆ ವಾಹನದಲ್ಲಿ ಸುತ್ತಿ ನೋಡುವ ಪ್ರವಾಸಕ್ರಮ. ಹಲವು ಸಂದರ್ಭಗಳಲ್ಲಿ ಚಾಲಕನೇ ಮಾರ್ಗದರ್ಶಿಯೂ ಆಗಿರುತ್ತಾನೆ. ಹಿಮಶಿಖರಗಳು, ಪುರಾತನ ಇಗರ್ಜಿಗಳು ಮತ್ತು ದ್ರಾಕ್ಷಾರಸ ಅಥವಾ ವೈನ್ ತಯಾರಿಸುವ ಹಳ್ಳಿಮನೆಗಳು ಈ ಪ್ರವಾಸದ ಮುಖ್ಯ ಆಕರ್ಷಣೆಗಳು. ಅಮೆರಿಕ ಸಂಯುಕ್ತ ಸಂಸ್ಥಾನದ ಜಾರ್ಜಿಯಾ ರಾಜ್ಯಕ್ಕೂ ಈ ದೇಶಕ್ಕೂ ಸಂಬಂಧವಿಲ್ಲ. ದೇಶವಾಸಿಗಳು ತಮ್ಮ ನಾಡನ್ನು ಸಕಾರ್ತ್ವೆಲೊ ಎಂದು ಕರೆಯುತ್ತಾರೆ.

ಹಿನ್ನೆಲೆ

ಜಾರ್ಜಿಯಾದ ವಿಸ್ತೀರ್ಣ ಸುಮಾರು 69,700 ಚದರ ಕಿಲೋಮೀಟರ್. ಕರ್ನಾಟಕದ ಅರ್ಧಕ್ಕಿಂತಲೂ ಚಿಕ್ಕದಾದ ಈ ನಾಡನ್ನು ನಕ್ಷೆಯಲ್ಲಿ ನೋಡಿದವರಿಗೆ ಎರಡು ಮೂರು ದಿನಗಳಲ್ಲಿ ಸುತ್ತಿ ಮುಗಿಸಬಹುದೆಂಬ ಭಾವನೆ ಬರುವುದು ಸಹಜ. ಆದರೆ ನೆಲದ ಬಹುಭಾಗ ಬೆಟ್ಟಗುಡ್ಡಗಳಿಂದ ಕೂಡಿದೆ. ಉತ್ತರದ ಗಡಿಯುದ್ದಕ್ಕೂ ಮಹಾ ಕಾಕಸಸ್ ಶ್ರೇಣಿ ಗೋಡೆಯಂತೆ ನಿಂತಿದೆ. ದೇಶದ ಅತ್ಯುನ್ನತ ಶಿಖರವಾದ ಶ್ಖಾರಾದ ಎತ್ತರ 5,193 ಮೀಟರ್. ನಡುವೆ ಅಡ್ಡಲಾಗಿ ಹಾಯ್ದಿರುವ ಲಿಖಿ ಬೆಟ್ಟಸಾಲು ಒಣಹವೆಯ ಪೂರ್ವಭಾಗವನ್ನೂ ಕಪ್ಪು ಸಮುದ್ರದ ತೇವವಿರುವ ಪಶ್ಚಿಮಭಾಗವನ್ನೂ ಬೇರ್ಪಡಿಸುತ್ತದೆ. ಆದ್ದರಿಂದ ಇಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಕ್ಕಿಂತ ಗಂಟೆಗಳಲ್ಲಿ ಅಳೆಯುವುದು ಸರಿ. ಸ್ವಾನೇತಿ ಪ್ರಾಂತದ ಮೆಸ್ತಿಯಾದಿಂದ ಉಷ್ಗುಲಿಗೆ ಇರುವುದು 45 ಕಿ.ಮೀ. ಮಾತ್ರ, ಅಷ್ಟು ದಾರಿಗೇ ಎರಡು ಗಂಟೆ ಹಿಡಿಯಬಹುದು.

ಪಟ್ಟಣದಿಂದ ಪಟ್ಟಣಕ್ಕೆ ಹೋಗಲು ರೈಲುಗಳೂ ಮಾರ್ಶ್ರುತ್ಕಾ ಎಂಬ ಚಿಕ್ಕ ಬಸ್ಸುಗಳೂ ಇವೆ. ಇವುಗಳ ದರ ಅಗ್ಗ. ಆದರೆ ಮಾರ್ಶ್ರುತ್ಕಾ ನೋಡತಕ್ಕ ಜಾಗಗಳಲ್ಲಿ ನಿಲ್ಲುವುದಿಲ್ಲ, ಹೆದ್ದಾರಿ ಬಿಟ್ಟು ಒಳಗಿರುವ ವೈನ್ ಮನೆಗಳ ಬಾಗಿಲಿಗೂ ಹೋಗುವುದಿಲ್ಲ. ಜಾರ್ಜಿಯನ್ ಲಿಪಿ ಬೇರಾವ ಲಿಪಿಯನ್ನೂ ಹೋಲದೆ ಇರುವುದರಿಂದ ಹೊಸಬರಿಗೆ ಫಲಕಗಳನ್ನು ಓದುವುದೂ ಕಷ್ಟ. ಮುಖ್ಯ ರಸ್ತೆಗಳ ಫಲಕಗಳಲ್ಲಿ ಮಾತ್ರ ರೋಮನ್ ಅಕ್ಷರಗಳೂ ಇರುತ್ತವೆ. ಚಾಲಕಸಹಿತ ಖಾಸಗಿ ವಾಹನದ ಪದ್ಧತಿ ಬೆಳೆದುದಕ್ಕೆ ಇವೇ ಕಾರಣಗಳು. ಅದು ಸುಖದ ಪ್ರಶ್ನೆ ಮಾತ್ರವಲ್ಲ.

ವೈನ್ ಮತ್ತು ಮನೆ

ಜಾರ್ಜಿಯಾದಲ್ಲಿ ವೈನ್ ತಯಾರಿಕೆಯ ಇತಿಹಾಸ ಸುಮಾರು 8,000 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಟಿಬಿಲಿಸಿಯ ದಕ್ಷಿಣಕ್ಕಿರುವ ಗದಚ್ರಿಲಿ ಗೋರಾ ಮತ್ತು ಶುಲವೇರಿಸ್ ಗೋರಾ ಎಂಬ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಮಡಕೆಚೂರುಗಳಲ್ಲಿ ದ್ರಾಕ್ಷಾರಸದ ರಾಸಾಯನಿಕ ಕುರುಹುಗಳಿವೆಯೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ದೇಶದಲ್ಲಿ 500ಕ್ಕೂ ಹೆಚ್ಚು ಸ್ಥಳೀಯ ದ್ರಾಕ್ಷಿ ತಳಿಗಳನ್ನು ಗುರುತಿಸಲಾಗಿದೆ. ವಾಣಿಜ್ಯವಾಗಿ ಹೆಚ್ಚು ಬೆಳೆಯುವವು ಕೆಲವೇ: ಬಿಳಿ ವೈನಿಗೆ ರ್ಕತ್ಸಿತೇಲಿ, ಕೆಂಪಿಗೆ ಸಪೇರಾವಿ. ಸಪೇರಾವಿ ಎಂಬ ಹೆಸರಿನ ಅರ್ಥವೇ ಬಣ್ಣ. ಸಾಮಾನ್ಯವಾಗಿ ಕಪ್ಪು ದ್ರಾಕ್ಷಿಯ ಸಿಪ್ಪೆಗೆ ಮಾತ್ರ ಬಣ್ಣವಿದ್ದರೆ ಈ ತಳಿಯ ತಿರುಳಿಗೂ ಕೆಂಪು ಬಣ್ಣವಿದೆ.

ಸಾಂಪ್ರದಾಯಿಕ ತಯಾರಿಕೆಯ ಪಾತ್ರೆಗೆ ಕ್ವೆವ್ರಿ ಎಂದು ಹೆಸರು. ಇದು ತಳದಲ್ಲಿ ಮೊನಚಾಗಿ ಮೊಟ್ಟೆಯಾಕಾರದಲ್ಲಿರುವ ಮಣ್ಣಿನ ಗುಡಾಣ. ಒಳಮೈಗೆ ಜೇನುಮೇಣ ಸವರಿ, ಕುತ್ತಿಗೆಯವರೆಗೂ ನೆಲದಲ್ಲಿ ಹೂಳುತ್ತಾರೆ. ಸುತ್ತಲಿನ ಮಣ್ಣು ಗುಡಾಣದ ಉಷ್ಣತೆ ಹೆಚ್ಚು ಏರಿಳಿಯದಂತೆ ಕಾಯುತ್ತದೆ. ಕಖೇತಿಯ ಕ್ರಮದಲ್ಲಿ ತುಳಿದ ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜ, ತೊಟ್ಟುಗಳ ಸಮೇತ ಇದರೊಳಗೆ ಸುರಿಯುತ್ತಾರೆ. ಹುಳಿಯುವಿಕೆ ಮುಗಿದ ಮೇಲೆ ಬಾಯಿ ಮುಚ್ಚಿ ತಿಂಗಳುಗಟ್ಟಲೆ ಬಿಡುತ್ತಾರೆ. ವಸಂತದಲ್ಲಿ ತೆರೆದಾಗ ಬಿಳಿ ದ್ರಾಕ್ಷಿಯ ರಸವೂ ಚಹಾದ ಬಣ್ಣಕ್ಕೆ ತಿರುಗಿ, ನಾಲಗೆಗೆ ಒಗರು ಹತ್ತುವಂತಿರುತ್ತದೆ. ಪಶ್ಚಿಮದ ಇಮೆರೇತಿಯಲ್ಲಿ ಸಿಪ್ಪೆಯ ಪ್ರಮಾಣ ಕಡಿಮೆ. ಅಲ್ಲಿ ಗುಡಾಣವನ್ನು ಚೂರಿ ಎನ್ನುತ್ತಾರೆ. ಗುಡಾಣಗಳಿರುವ ಕೋಣೆಗೆ ಮರಾನಿ ಎಂದು ಹೆಸರು. 2013ರಲ್ಲಿ ಯುನೆಸ್ಕೋ ಈ ವಿಧಾನವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟು ದೊಡ್ಡ ಗುಡಾಣವನ್ನು ಕೈಯಿಂದ ಕಟ್ಟಬಲ್ಲ ಕುಶಲಿಗಳು ಈಗ ಕೆಲವೇ ಊರುಗಳಲ್ಲಿದ್ದಾರೆ. ಕಖೇತಿಯ ವರ್ದಿಸುಬಾನಿ ಮತ್ತು ಇಮೆರೇತಿಯ ಶ್ರೋಷಾ ಅವುಗಳಲ್ಲಿ ಪ್ರಸಿದ್ಧವಾದವು.

ಸೋವಿಯತ್ ಆಡಳಿತದಲ್ಲಿ ವೈನ್ ಉದ್ಯಮ ಸರ್ಕಾರಿ ಕಾರ್ಖಾನೆಗಳ ಪಾಲಾಯಿತು. ಗುಣಕ್ಕಿಂತ ಪ್ರಮಾಣಕ್ಕೆ ಬೆಲೆ ಬಂದಿತು, ಎಷ್ಟೋ ತಳಿಗಳು ಮೂಲೆಗುಂಪಾದವು. 1985ರಲ್ಲಿ ಗೋರ್ಬಚೇವ್ ಆರಂಭಿಸಿದ ಮದ್ಯವಿರೋಧಿ ಚಳವಳಿಯಲ್ಲಿ ಅನೇಕ ತೋಟಗಳ ಬಳ್ಳಿಗಳನ್ನು ಕಿತ್ತೊಗೆಯಲಾಯಿತು. ಸ್ವಾತಂತ್ರ್ಯಾನಂತರ ರಷ್ಯಾವೇ ಮುಖ್ಯ ಮಾರುಕಟ್ಟೆಯಾಗಿ ಉಳಿದಿತ್ತು. 2006ರಲ್ಲಿ ಅದು ಜಾರ್ಜಿಯಾದ ವೈನಿಗೆ ನಿಷೇಧ ಹೇರಿತು. 2013ರವರೆಗೆ ನಡೆದ ಆ ನಿಷೇಧ ಬೆಳೆಗಾರರಿಗೆ ದೊಡ್ಡ ಪೆಟ್ಟು ಕೊಟ್ಟಿತಾದರೂ ಅವರು ಬೇರೆ ದೇಶಗಳ ಗಿರಾಕಿಗಳನ್ನು ಹುಡುಕುವಂತೆ, ಗುಣಮಟ್ಟ ಸುಧಾರಿಸುವಂತೆ ಮಾಡಿತು. ಈ ಎಲ್ಲ ಏರಿಳಿತಗಳ ನಡುವೆ ಹಳೆಯ ಪದ್ಧತಿ ಉಳಿದುಕೊಂಡದ್ದು ಮನೆಗಳಲ್ಲಿ, ಮನೆಬಳಕೆಗೆಂದು ಹೂತ ಗುಡಾಣಗಳಲ್ಲಿ. ಇಂದು ಪ್ರವಾಸಿ ನೋಡಬಯಸುವುದು ಆ ಮನೆಗಳನ್ನೇ. ಅವುಗಳಲ್ಲಿ ಹಲವಕ್ಕೆ ನಾಮಫಲಕವಿಲ್ಲ. ಮುಂಚಿತವಾಗಿ ತಿಳಿಸದೆ ಹೋದರೆ ಬಾಗಿಲು ಮುಚ್ಚಿರಬಹುದು. ಮನೆಯವರ ಪರಿಚಯವಿರುವ, ಅವರ ಮಾತನ್ನು ಅನುವಾದಿಸಬಲ್ಲ ಮಾರ್ಗದರ್ಶಿಯ ನಿಜವಾದ ಉಪಯೋಗ ಇಲ್ಲಿದೆ. ಇಗರ್ಜಿಯ ಕಾಲಮಾನವನ್ನು ಯಾವ ಪುಸ್ತಕವಾದರೂ ಹೇಳೀತು.

ಮುಖ್ಯ ಮಾರ್ಗಗಳು

ಕಖೇತಿ: ದೇಶದ ದ್ರಾಕ್ಷಿತೋಟಗಳ ಬಹುಪಾಲು ಪೂರ್ವದ ಈ ಪ್ರಾಂತದಲ್ಲಿದೆ. ಟಿಬಿಲಿಸಿಯಿಂದ ಮುಖ್ಯ ಪಟ್ಟಣವಾದ ತೆಲಾವಿಗೆ ಎರಡು ದಾರಿಗಳಿವೆ. ಸುಮಾರು 1,600 ಮೀಟರ್ ಎತ್ತರದ ಗೊಂಬೋರಿ ಘಾಟಿಯ ದಾರಿ ಹತ್ತಿರದ್ದು, ಕಾಡಿನ ನಡುವೆ ಸುತ್ತಿಬಳಸಿ ಸಾಗುತ್ತದೆ. ದಕ್ಷಿಣದಿಂದ ಬಳಸುವ ದಾರಿ ದೂರವಾದರೂ ಹೆಚ್ಚು ಸಮತಟ್ಟಾಗಿದೆ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವುದು ವಾಡಿಕೆ. ಗೊಂಬೋರಿಯನ್ನು ಇಳಿಯುತ್ತಿದ್ದಂತೆ ಅಲಜಾನಿ ನದಿಯ ವಿಶಾಲ ಕಣಿವೆಯೂ ಅದರಾಚೆಗೆ ಕಾಕಸಸ್ಸಿನ ಸಾಲೂ ಒಮ್ಮೆಲೇ ತೆರೆದುಕೊಳ್ಳುತ್ತವೆ. 11ನೆಯ ಶತಮಾನದ ಅಲವೆರ್ದಿ ಪ್ರಧಾನ ಇಗರ್ಜಿಯಲ್ಲಿ ಸನ್ಯಾಸಿಗಳು ಈಗಲೂ ಕ್ವೆವ್ರಿಯಲ್ಲಿ ವೈನ್ ಮಾಡುತ್ತಾರೆ. ತ್ಸಿನಂದಾಲಿಯಲ್ಲಿ 19ನೆಯ ಶತಮಾನದ ಕವಿ, ಸೇನಾನಿ ಅಲೆಕ್ಸಾಂಡರ್ ಚಾವ್‌ಚವಾಡ್ಜೆಯ ಬಂಗಲೆ ವಸ್ತುಸಂಗ್ರಹಾಲಯವಾಗಿದೆ. ಕೋಟೆಗೋಡೆಯೊಳಗಿನ ಸಿಘ್ನಾಘಿ ಪಟ್ಟಣದ ಬಳಿಯ ಬೋದ್ಬೆಯಲ್ಲಿ ಸಂತ ನೀನೋಳ ಸಮಾಧಿಯಿದೆ. 4ನೆಯ ಶತಮಾನದಲ್ಲಿ ನಾಡಿಗೆ ಕ್ರೈಸ್ತಧರ್ಮವನ್ನು ತಂದ ಆಕೆ ದ್ರಾಕ್ಷಿಬಳ್ಳಿಯ ಕಡ್ಡಿಗಳನ್ನು ತನ್ನ ತಲೆಗೂದಲಿನಿಂದ ಬಿಗಿದು ಶಿಲುಬೆ ಮಾಡಿಕೊಂಡಿದ್ದಳೆಂಬುದು ಪ್ರತೀತಿ.

ಜಾರ್ಜಿಯಾ ಸೇನಾ ರಸ್ತೆ: ಟಿಬಿಲಿಸಿಯಿಂದ ರಷ್ಯಾದ ವ್ಲಾದಿಕಾವ್ಕಾಜ್‌ವರೆಗೆ 200 ಕಿ.ಮೀ.ಗೂ ಹೆಚ್ಚು ಉದ್ದವಿರುವ ಈ ರಸ್ತೆ ಹಳೆಯ ವ್ಯಾಪಾರಮಾರ್ಗ. 19ನೆಯ ಶತಮಾನದಲ್ಲಿ ರಷ್ಯಾದ ಸಾಮ್ರಾಜ್ಯ ತನ್ನ ಸೈನ್ಯದ ಸಂಚಾರಕ್ಕೆಂದು ಇದನ್ನು ವಿಸ್ತರಿಸಿತು. ಅರಾಗ್ವಿ ಮತ್ತು ಮ್ತ್ಕ್ವಾರಿ ನದಿಗಳು ಕೂಡುವ ಮ್ತ್ಸ್‌ಖೇತಾ, ಜಿನ್ವಾಲಿ ಜಲಾಶಯದ ದಡದ ಅನನೂರಿ ಕೋಟೆ, ಹಿಮಜಾರಾಟದ ಊರು ಗುದೌರಿ, ಇವನ್ನು ದಾಟಿ ರಸ್ತೆ ಸುಮಾರು 2,380 ಮೀಟರ್ ಎತ್ತರದ ಜ್ವಾರಿ ಘಾಟಿಯನ್ನು ಏರುತ್ತದೆ. ಆಚೆಗಿರುವ ಸ್ತೆಪಾನ್‌ತ್ಸ್ಮಿಂದಾದಲ್ಲಿ 5,000 ಮೀಟರಿಗೂ ಎತ್ತರದ ಕಾಜ್‌ಬೆಗ್ ಶಿಖರ, ಅದರ ಮುಂದಿನ ದಿಣ್ಣೆಯ ಮೇಲೆ 14ನೆಯ ಶತಮಾನದ ಗೆರ್ಗೆತಿ ಇಗರ್ಜಿ ಕಾಣುತ್ತವೆ. ಆರ್ಮೇನಿಯಾ ಹಾಗೂ ರಷ್ಯಾಗಳ ನಡುವಿನ ಸರಕು ಸಾಗಣೆಯೂ ಇದೇ ದಾರಿಯಲ್ಲಿ ನಡೆಯುವುದರಿಂದ ಲಾರಿಗಳ ಸಾಲು ಮೈಲಿಗಟ್ಟಲೆ ನಿಲ್ಲುವುದುಂಟು. ಚಳಿಗಾಲದಲ್ಲಿ ಹಿಮಕುಸಿತದ ಭಯವಿದ್ದಾಗ ಘಾಟಿಯನ್ನು ಮುಚ್ಚುತ್ತಾರೆ. ಇದನ್ನು ತಪ್ಪಿಸಲು ಕ್ವೆಶೇತಿ ಮತ್ತು ಕೋಬಿಗಳ ನಡುವೆ ಸುಮಾರು 9 ಕಿ.ಮೀ. ಸುರಂಗದ ಕಾಮಗಾರಿಯನ್ನು ಕೈಗೊಳ್ಳಲಾಗಿದೆ.

ಸ್ವಾನೇತಿ: ಕಲ್ಲಿನ ಕಾವಲುಗೋಪುರಗಳಿಗೆ ಹೆಸರಾದ ಮೇಲಿನ ಸ್ವಾನೇತಿ 1996ರಿಂದ ವಿಶ್ವ ಪರಂಪರೆಯ ತಾಣ. ರಾಜಧಾನಿಯಿಂದ ಮೆಸ್ತಿಯಾಕ್ಕೆ ಇಡೀ ಒಂದು ದಿನದ ಪಯಣ. ಹೋಗುವಾಗಲೋ ಬರುವಾಗಲೋ ಕುತೈಸಿಯಲ್ಲಿ ಒಂದು ರಾತ್ರಿ ತಂಗಿದರೆ 12ನೆಯ ಶತಮಾನದ ಗೆಲಾತಿ ಮಠವನ್ನೂ ಇಮೆರೇತಿಯ ವೈನ್ ಮನೆಗಳನ್ನೂ ನೋಡಬಹುದು. ದಕ್ಷಿಣದ ವರ್ದ್‌ಜಿಯಾ ಗುಹಾಮಠಕ್ಕೆ ಬೇರೆಯದೇ ದಿನ ಬೇಕು.

ತುಶೇತಿ: ಕಖೇತಿಯಿಂದ ತುಶೇತಿಗೆ ಹೋಗುವ ಅಬಾನೊ ಘಾಟಿಯ ಎತ್ತರ 2,800 ಮೀಟರಿಗೂ ಹೆಚ್ಚು. ಡಾಂಬರಿಲ್ಲದ, ಬಹುಕಡೆ ಒಂದೇ ವಾಹನ ಹಿಡಿಸುವಷ್ಟು ಕಿರಿದಾದ, ತಡೆಗೋಡೆಯಿಲ್ಲದ ಈ ದಾರಿ ಬೇಸಿಗೆಯ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ. ಜೀವಹಾನಿಯಾದ ಅಪಘಾತಗಳು ಇಲ್ಲಿ ನಡೆದಿವೆ. ಬಯಲಿನ ರಸ್ತೆಗಳಲ್ಲಿ ನುರಿತ ಚಾಲಕರೂ ಇಲ್ಲಿಗೆ ಸಾಲದು. ಆ ದಾರಿಯಲ್ಲೇ ಓಡಾಡಿಕೊಂಡಿರುವ ಊರಿನವರ ನಾಲ್ಕು ಚಕ್ರ ಚಾಲನೆಯ ವಾಹನವನ್ನೇ ಆಶ್ರಯಿಸಬೇಕು. ಒಂದು ದಿನದಲ್ಲಿ ಹೋಗಿ ಬರುವ ಆತುರವನ್ನು ಮೊದಲೇ ಬಿಡಬೇಕು.

ಚಾಲಕ, ಮಾರ್ಗದರ್ಶಿ ಮತ್ತು ಒಪ್ಪಂದ

ಬಾಡಿಗೆಯನ್ನು ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ ಅಥವಾ ಮಾರ್ಗದ ಲೆಕ್ಕದಲ್ಲಿ ನಿಗದಿಪಡಿಸುತ್ತಾರೆ. ಹಣ ಸ್ಥಳೀಯ ನಾಣ್ಯವಾದ ಲಾರಿಯಲ್ಲಿ. ಇಂಧನ, ಚಾಲಕನ ಊಟ ಮತ್ತು ರಾತ್ರಿ ವಸತಿ ಬಾಡಿಗೆಯಲ್ಲಿ ಸೇರಿವೆಯೇ ಎಂಬುದನ್ನು ಹೊರಡುವ ಮೊದಲೇ ಬರೆಹದಲ್ಲಿ ಖಚಿತಪಡಿಸಿಕೊಳ್ಳುವುದು ಕ್ಷೇಮ. ಜಗಳಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಚಾಲಕ ಬೇರೆ, ಮಾರ್ಗದರ್ಶಿ ಬೇರೆ. ಕೆಲವು ಚಾಲಕರಿಗೆ ಜಾರ್ಜಿಯನ್ ಮತ್ತು ರಷ್ಯನ್ ಮಾತ್ರ ಬರುತ್ತದೆ. ಇಂಗ್ಲಿಷಿನಲ್ಲಿ ವಿವರಿಸಬಲ್ಲವರಿಗೆ ದರ ಹೆಚ್ಚು. ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಜಪಾನಿನಿಂದ ಬಂದ, ಬಲಗಡೆ ಸ್ಟೀರಿಂಗ್ ಇರುವ ಹಳೆಯ ವಾಹನಗಳೂ ಬಹಳ. ಅಂಥ ವಾಹನದ ಚಾಲಕನಿಗೆ ಮುಂದಿನ ವಾಹನವನ್ನು ಹಿಂದಿಕ್ಕುವಾಗ ಎದುರಿನ ರಸ್ತೆ ಸರಿಯಾಗಿ ಕಾಣುವುದಿಲ್ಲ. ಸೀಟುಬೆಲ್ಟುಗಳು, ಟಯರುಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಚಾಲಕ ಮತ್ತು ವೈನಿನ ಪ್ರಶ್ನೆ. ಜಾರ್ಜಿಯಾದ ಔತಣಕ್ಕೆ ಸುಪ್ರಾ ಎಂದು ಹೆಸರು. ತಮದಾ ಎಂಬ ಹಿರಿಯ ಅದನ್ನು ನಡೆಸಿಕೊಡುತ್ತಾನೆ. ದೇವರಿಗೆ, ಶಾಂತಿಗೆ, ಗತಿಸಿದವರಿಗೆ, ಮಕ್ಕಳಿಗೆ, ಅತಿಥಿಗೆ ಹೀಗೆ ಒಂದೊಂದು ಶುಭನುಡಿ ಹೇಳಿ ಬಟ್ಟಲು ಎತ್ತುತ್ತಾರೆ. ಬಟ್ಟಲು ಬರಿದಾದರೆ ಮನೆಯವರು ಮತ್ತೆ ತುಂಬುತ್ತಾರೆ. ಕುಡಿಯದವರು ಬಟ್ಟಲನ್ನು ತುಟಿಗೆ ಮುಟ್ಟಿಸಿ ಇಟ್ಟರೂ ಸಾಕು, ಅದು ಅವಮಾನವಲ್ಲ. ಆದರೆ ಚಾಲಕನೂ ಇದೇ ನಾಡಿನವನು, ಆತಿಥೇಯ ಅವನ ಪರಿಚಿತ. ಒಂದೇ ಬಟ್ಟಲು ಎಂಬ ಒತ್ತಾಯ ಅವನ ಮೇಲೂ ಬೀಳುತ್ತದೆ. ಕುಡಿದು ವಾಹನ ನಡೆಸುವುದು ಕಾನೂನಿನ ಪ್ರಕಾರ ಅಪರಾಧ. ಒಳ್ಳೆಯ ಚಾಲಕರು ಮರಾನಿಯಲ್ಲಿ ನೀರನ್ನೋ ನಿಂಬೆಪಾನಕವನ್ನೋ ಹಿಡಿದು ಕೂರುತ್ತಾರೆ. ಹಾಗಲ್ಲದಿದ್ದರೆ ಆ ರಾತ್ರಿ ಅಲ್ಲಿಯೇ ತಂಗುವುದು ಪ್ರವಾಸಿಗೆ ಉಳಿದಿರುವ ಸರಿಯಾದ ದಾರಿ. ಮಳೆ, ಹಿಮಗಳ ಕಾರಣದಿಂದ ಚಾಲಕ ಘಾಟಿ ಹತ್ತಲು ಒಪ್ಪದಿದ್ದಾಗ ಹಣ ಕೊಟ್ಟಿದ್ದೇವೆಂದು ಬಲವಂತ ಮಾಡುವುದೂ ಅಷ್ಟೇ ಅಪಾಯಕಾರಿ.

ಅಬ್ಖಾಜಿಯಾ ಮತ್ತು ದಕ್ಷಿಣ ಒಸೇಟಿಯಾ ಪ್ರದೇಶಗಳು ಜಾರ್ಜಿಯಾ ಸರ್ಕಾರದ ಹತೋಟಿಯಲ್ಲಿಲ್ಲ. 2008ರ ಯುದ್ಧದ ಬಳಿಕ ದಕ್ಷಿಣ ಒಸೇಟಿಯಾದ ಗಡಿರೇಖೆ ಪೂರ್ವ-ಪಶ್ಚಿಮ ಹೆದ್ದಾರಿಗೆ ಬಹಳ ಸಮೀಪದಲ್ಲಿದೆ. ಹೆದ್ದಾರಿಯಲ್ಲಿ ಸಂಚಾರಕ್ಕೆ ಅಡ್ಡಿಯಿಲ್ಲ. ಒಳದಾರಿ ಹಿಡಿದು ಗಡಿಯ ಹಳ್ಳಿಗಳತ್ತ ಹೋಗಬಾರದು. ರಷ್ಯಾದ ಕಡೆಯಿಂದ ಈ ಪ್ರದೇಶಗಳನ್ನು ಪ್ರವೇಶಿಸುವುದು ಜಾರ್ಜಿಯಾದ ಕಾನೂನಿನಂತೆ ಅಪರಾಧ.

ಋತುಮಾನ ಮತ್ತು ಆಹಾರ

ದ್ರಾಕ್ಷಿ ಕೊಯ್ಲಿಗೆ ರ್ತ್ವೇಲಿ ಎನ್ನುತ್ತಾರೆ. ಕಖೇತಿಯಲ್ಲಿ ಅದು ಸೆಪ್ಟೆಂಬರಿನಿಂದ ಅಕ್ಟೋಬರ್ ನಡುಭಾಗದವರೆಗೆ, ಪಶ್ಚಿಮದಲ್ಲಿ ಇನ್ನೂ ತಡವಾಗಿ ನಡೆಯುತ್ತದೆ. ಎತ್ತರದ ಘಾಟಿಗಳು ಅಕ್ಟೋಬರಿನಲ್ಲಿ ಹಿಮ ಕಾಣತೊಡಗುವುದರಿಂದ ಕೊಯ್ಲು, ಬೆಟ್ಟ ಎರಡನ್ನೂ ನೋಡಬೇಕೆನ್ನುವವರಿಗೆ ಸೆಪ್ಟೆಂಬರಿನ ಕೊನೆಯ ವಾರಗಳೇ ಸೂಕ್ತ.

ಮಾಂಸಾಹಾರ ಹೆಚ್ಚಾಗಿದ್ದರೂ ಸಸ್ಯಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ. ಹುರುಳಿಕಾಯಿಯ ಕೆಂಪು ಕಾಳಿನಿಂದ ಮಾಡುವ ಲೋಬಿಯೊ, ಅರೆದ ಅಕ್ರೋಟು ತುಂಬಿದ ಬದನೆ, ಚೀಸ್ ತುಂಬಿದ ಖಚಾಪುರಿ ರೊಟ್ಟಿ ಎಲ್ಲೆಡೆ ಸಿಗುತ್ತವೆ. ಆರ್ಥಡಾಕ್ಸ್ ಕ್ರೈಸ್ತರ ವ್ರತದ ದಿನಗಳ ಅಡುಗೆಗೆ ಸಮಾರ್ಖ್ವೊ ಎಂದು ಹೆಸರು. ಅದರಲ್ಲಿ ಮಾಂಸ, ಹಾಲು, ಮೊಟ್ಟೆಗಳಿರುವುದಿಲ್ಲ. ಊಟದ ಮನೆಯಲ್ಲಿ ಆ ಒಂದು ಪದ ಹೇಳಿದರೆ ಅರ್ಧ ಕೆಲಸ ಆದಂತೆಯೇ. ಅಕ್ರೋಟಿನ ಸರವನ್ನು ಮಂದವಾದ ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ ಚುರ್ಚ್‌ಖೇಲಾ ರಸ್ತೆಬದಿಯ ಅಂಗಡಿಗಳಲ್ಲಿ ತೂಗಾಡುತ್ತಿರುತ್ತದೆ. ದೂರದಿಂದ ಮೇಣದಬತ್ತಿ ಎಂದು ಭ್ರಮಿಸುವಂತಿರುತ್ತದೆ. ಇಗರ್ಜಿಗಳ ಒಳಗೆ ಹೋಗುವಾಗ ಸ್ತ್ರೀಯರು ತಲೆಗೆ ವಸ್ತ್ರ ಹೊದೆಯಬೇಕು; ಮೊಣಕಾಲು ಕಾಣುವ ಉಡುಪು ಯಾರಿಗೂ ಸಲ್ಲದು.

ಭಾರತದೊಡನೆ ಸಂಬಂಧ

ಜಾರ್ಜಿಯಾದ ವೈದ್ಯಕೀಯ ಕಾಲೇಜುಗಳಲ್ಲಿ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಓದುತ್ತಿದ್ದಾರೆ. ಅವರನ್ನು ಕಾಣಲು ಹೋಗುವ ತಂದೆತಾಯಿಗಳೂ ಈ ಪ್ರವಾಸಗಳನ್ನು ಕೈಗೊಳ್ಳುತ್ತಾರೆ. ಭಾರತೀಯರಿಗೆ ವೀಸಾ ಅಗತ್ಯ. ಇನ್ನೊಂದು ನಂಟು ಇದಕ್ಕಿಂತ ಬಹಳ ಹಳೆಯದು. ಕಖೇತಿಯ ರಾಣಿ ಕೇತೆವಾನ್ 1624ರಲ್ಲಿ ಮತಾಂತರಕ್ಕೆ ಒಪ್ಪದೆ ಪರ್ಷಿಯಾದ ಶಿರಾಜ್ ನಗರದಲ್ಲಿ ಚಿತ್ರಹಿಂಸೆಗೆ ಗುರಿಯಾಗಿ ಮಡಿದಳು. ಅಗಸ್ಟೀನಿಯನ್ ಪಾದ್ರಿಗಳು ಆಕೆಯ ಅವಶೇಷಗಳಲ್ಲಿ ಕೆಲವನ್ನು ಗೋವಾಕ್ಕೆ ತಂದರು. ಹಳೆಯ ಗೋವಾದ ಸಂತ ಅಗಸ್ಟೀನ್ ಇಗರ್ಜಿಯ ಅವಶೇಷಗಳಲ್ಲಿ ದೊರೆತ ಮೂಳೆಯನ್ನು ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದಲ್ಲಿ ಡಿಎನ್‌ಎ ಪರೀಕ್ಷೆಗೆ ಒಳಪಡಿಸಲಾಯಿತು. 2021ರ ಜುಲೈನಲ್ಲಿ ಭಾರತದ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅದರ ಒಂದು ಭಾಗವನ್ನು ಟಿಬಿಲಿಸಿಯಲ್ಲಿ ಜಾರ್ಜಿಯಾಕ್ಕೆ ಒಪ್ಪಿಸಿದರು.