ನಿಂತು ಕೇಳುವವರಿಗೇ ಮುಂದಿನ ಜಾಗ

ಲಂಡನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅರಮನೆ, ಗಡಿಯಾರದ ಗೋಪುರ ಮತ್ತು ಥೇಮ್ಸ್ ನದಿ. ಆದರೆ ಆ ನಗರದ ನಿಜವಾದ ಬೆಡಗು ಕಾಣುವುದು ಸಂಜೆಯ ಹೊತ್ತಿಗೆ. ನಾಟಕ, ಸಂಗೀತ, ಹೊಸ ಚಲನಚಿತ್ರದ ಮೊದಲ ಪ್ರದರ್ಶನ, ತಾರೆಯರ ಸಮಾರಂಭ – ಇವುಗಳಲ್ಲಿ ಒಂದಾದರೂ ಇಲ್ಲದ ಸಂಜೆ ಅಲ್ಲಿ ಅಪರೂಪ. ಈ ಸಡಗರಕ್ಕೆಲ್ಲ ತವರಿನಂತಿರುವ ಕಟ್ಟಡ ರಾಯಲ್ ಆಲ್ಬರ್ಟ್ ಹಾಲ್. ವಿಕ್ಟೋರಿಯಾ ರಾಣಿಯ ದಿವಂಗತ ಪತಿಯ ಹೆಸರು ಹೊತ್ತ ಈ ದುಂಡನೆಯ ಸಭಾಂಗಣ 1871ರ ಮಾರ್ಚ್ 29ರಂದು ಬಾಗಿಲು ತೆರೆಯಿತು. 1963ರಲ್ಲಿ ಬೀಟಲ್ಸ್ ಮತ್ತು ರೋಲಿಂಗ್ ಸ್ಟೋನ್ಸ್ ತಂಡಗಳು ಒಂದೇ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡದ್ದು ಇಲ್ಲಿ. 1974ರಲ್ಲಿ ನಮ್ಮ ಲತಾ ಮಂಗೇಶ್ಕರ್ ಹಾಡಿದ್ದು ಇಲ್ಲಿ. 2021ರಲ್ಲಿ ಜೇಮ್ಸ್ ಬಾಂಡ್ ಚಿತ್ರವೊಂದರ ಮೊದಲ ಪ್ರದರ್ಶನಕ್ಕೆ ತಾರೆಯರೂ ರಾಜಮನೆತನದವರೂ ನೆರೆದದ್ದೂ ಇಲ್ಲಿಯೇ.

ಇಂಥ ಜಾಗದಲ್ಲಿ ಸಾಮಾನ್ಯನಿಗೆ ಸಿಗುವುದು ಹಿಂದಿನ ಕಂಬದ ಮರೆಯೇ ತಾನೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಪ್ರತಿ ವರ್ಷ ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಸುಮಾರು ಎಂಟು ವಾರ, ಈ ಲೆಕ್ಕ ತಲೆಕೆಳಗಾಗುತ್ತದೆ. ವೇದಿಕೆಯ ಮುಂದಿನ ಅಂಗಳದಿಂದ ಕುರ್ಚಿಗಳನ್ನೆಲ್ಲ ತೆಗೆಯಲಾಗುತ್ತದೆ. ಬೇರೆ ದಿನಗಳಲ್ಲಿ ಅತಿ ದುಬಾರಿಯಾದ ಆ ಜಾಗ ಆಗ ಅತಿ ಅಗ್ಗದ ಟಿಕೆಟಿನವರಿಗೆ ಮೀಸಲು. ಅವರು ನಿಂತೇ ಕೇಳಬೇಕು. ಹಣ ತೆತ್ತು ಕುರ್ಚಿ ಹಿಡಿದವರು ಅವರ ತಲೆಗಳ ಮೇಲಿಂದ ವೇದಿಕೆಯನ್ನು ನೋಡಬೇಕು. ಈ ಸಂಗೀತೋತ್ಸವದ ಹೆಸರು ‘ಪ್ರಾಮ್ಸ್’. ಇಂಥದೊಂದು ವಿಚಿತ್ರ ಏರ್ಪಾಡು ಹುಟ್ಟಿದ್ದು ಹೇಗೆ? ಅದರಿಂದ ಸಂಗೀತಕ್ಕೆ ಆದ ಲಾಭವೇನು?

ಅಡ್ಡಾಡುತ್ತ ಕೇಳಿದ ಸಂಗೀತ

‘ಪ್ರೊಮನೇಡ್’ ಎಂದರೆ ಅಡ್ಡಾಡುವುದು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ವಾಕ್ಸ್‌ಹಾಲ್‌ನಂಥ ವಿಹಾರೋದ್ಯಾನಗಳಿದ್ದವು. ಜನ ಸಣ್ಣ ಶುಲ್ಕ ಕೊಟ್ಟು ಒಳಹೋಗಿ, ತಿಂದು, ಕುಡಿದು, ಹರಟುತ್ತ ಅಡ್ಡಾಡುವಾಗ ಒಂದು ಕಡೆ ಸಂಗೀತ ನಡೆಯುತ್ತಿತ್ತು. ಮುಂದಿನ ಶತಮಾನದಲ್ಲಿ ಇದು ಸಭಾಂಗಣದೊಳಕ್ಕೆ ಬಂತು. 1840ರ ದಶಕದಲ್ಲಿ ಫ್ರಾನ್ಸಿನಿಂದ ಬಂದ ಜೂಲಿಯನ್ ಎಂಬ ವಾದ್ಯವೃಂದ ನಿರ್ದೇಶಕ ಇಂಥ ಕಛೇರಿಗಳಿಂದಲೇ ಮನೆಮಾತಾದ. ಬೀಥೋವನ್ ಕೃತಿಯನ್ನು ನುಡಿಸುವ ಮುನ್ನ ಈತನಿಗೆ ಬೆಳ್ಳಿಯ ತಟ್ಟೆಯಲ್ಲಿ ಬಿಳಿಯ ಕೈಗವಸು ತಂದುಕೊಡಬೇಕಾಗಿತ್ತಂತೆ!

ಈ ಗದ್ದಲದ ಸಂಪ್ರದಾಯಕ್ಕೆ ಗಂಭೀರವಾದ ಗುರಿಯೊಂದನ್ನು ಕೊಟ್ಟವನು ರಾಬರ್ಟ್ ನ್ಯೂಮನ್. ಲ್ಯಾಂಗಮ್ ಪ್ಲೇಸ್‌ನಲ್ಲಿದ್ದ ಕ್ವೀನ್ಸ್ ಹಾಲ್ ಎಂಬ ಸಭಾಂಗಣದ ವ್ಯವಸ್ಥಾಪಕನಾಗಿದ್ದ ಆತ, ಬೇಸಿಗೆಯಲ್ಲಿ ಸಿರಿವಂತರು ಊರು ಬಿಟ್ಟುಹೋದಾಗ ಖಾಲಿ ಬೀಳುತ್ತಿದ್ದ ಆ ಜಾಗಕ್ಕೆ ಊರಲ್ಲೇ ಉಳಿದ ಗುಮಾಸ್ತರು, ಅಂಗಡಿಯವರು, ವಿದ್ಯಾರ್ಥಿಗಳನ್ನು ಕರೆತರಲು ಹೊರಟ. ನಿರ್ದೇಶನಕ್ಕೆ ಆರಿಸಿಕೊಂಡದ್ದು 26 ವರ್ಷದ ಹೆನ್ರಿ ವುಡ್‌ನನ್ನು. ಬಂಡವಾಳ ಹಾಕಿದವನು ಕ್ಯಾತ್‌ಕಾರ್ಟ್ ಎಂಬ ಗಂಟಲು ತಜ್ಞ. ಈ ವೈದ್ಯ ಹಾಕಿದ ಕರಾರು ಸ್ವಾರಸ್ಯವಾದದ್ದು: ವಾದ್ಯವೃಂದದ ಶ್ರುತಿಯನ್ನು ಇಳಿಸಬೇಕು. ಆಗ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಶ್ರುತಿ ಯೂರೋಪಿನ ಇತರೆಡೆಗಿಂತ ಎತ್ತರದಲ್ಲಿತ್ತು. ಅದಕ್ಕೆ ಹಾಡಿ ಹಾಡಿ ಗಾಯಕರ ಗಂಟಲು ಕೆಡುತ್ತಿದೆ ಎಂಬುದು ಅವನ ಅನುಭವ.

1895ರ ಆಗಸ್ಟ್ 10ರಂದು ಮೊದಲ ಕಛೇರಿ ನಡೆಯಿತು. ನಿಂತು ಕೇಳಲು ಒಂದು ಶಿಲ್ಲಿಂಗ್, ಅಂದರೆ ಒಂದು ಪೌಂಡಿನ ಇಪ್ಪತ್ತನೆಯ ಒಂದು ಭಾಗ. ಇಡೀ ಋತುವಿಗೆ ಒಂದು ಗಿನಿ, ಅಂದರೆ 21 ಶಿಲ್ಲಿಂಗ್. ತಿನ್ನಬಹುದಿತ್ತು, ಕುಡಿಯಬಹುದಿತ್ತು, ಸಿಗರೇಟು ಸೇದಬಹುದಿತ್ತು. ಹಾಡುಗಾರಿಕೆ ನಡೆಯುವಾಗ ಮಾತ್ರ ಬೆಂಕಿಕಡ್ಡಿ ಗೀರಬೇಡಿ ಎಂದು ವಿನಂತಿಯಿತ್ತು.

ನ್ಯೂಮನ್‌ನ ಉಪಾಯ ಸರಳ. ಜನ ಇಷ್ಟಪಡುವುದನ್ನು ಮೊದಲು ಕೊಡುವುದು. ವರ್ಷ ವರ್ಷವೂ ಮಟ್ಟವನ್ನು ಒಂದೊಂದೇ ಮೆಟ್ಟಿಲು ಏರಿಸುವುದು. ಕಛೇರಿಯ ಮೊದಲರ್ಧದಲ್ಲಿ ಘನವಾದ ಕೃತಿಗಳು, ಉತ್ತರಾರ್ಧದಲ್ಲಿ ಲಘು ಹಾಡುಗಳು. ನಮ್ಮಲ್ಲಿ ರಾಗ ತಾನ ಪಲ್ಲವಿ ಮುಗಿದ ಮೇಲೆ ದೇವರನಾಮ, ತಿಲ್ಲಾನ ಬರುವುದಿಲ್ಲವೇ, ಹಾಗೆ. ಕೆಲವೇ ವರ್ಷಗಳಲ್ಲಿ ಸೋಮವಾರಗಳನ್ನು ವ್ಯಾಗ್ನರ್‌ಗೂ ಶುಕ್ರವಾರಗಳನ್ನು ಬೀಥೋವನ್‌ಗೂ ಮೀಸಲಿಡುವಷ್ಟು ಶ್ರೋತೃಗಳು ಸಿದ್ಧರಾದರು.

ಒಂದು ಶಿಲ್ಲಿಂಗಿನ ಬಲ

ಅಗ್ಗದ ಟಿಕೆಟು ಬಡವರಿಗೆ ಮಾಡಿದ ಉಪಕಾರ ಎಂದಷ್ಟೇ ತಿಳಿಯುವುದು ತಪ್ಪು. ಸಂಗೀತಕ್ಕೂ ಅದರಿಂದ ದೊಡ್ಡ ಉಪಕಾರವಾಯಿತು. ದುಬಾರಿ ಹಣ ಕೊಟ್ಟು ಬಂದವನು ತನಗೆ ಗೊತ್ತಿರುವುದನ್ನೇ ಕೇಳಬಯಸುತ್ತಾನೆ. ಒಂದು ಶಿಲ್ಲಿಂಗ್ ಕೊಟ್ಟವನು ಗೊತ್ತಿಲ್ಲದ್ದನ್ನೂ ಕೇಳಿ ನೋಡುತ್ತಾನೆ. ಹಿಡಿಸದಿದ್ದರೆ ಹೋದದ್ದು ಒಂದು ಶಿಲ್ಲಿಂಗ್ ಮಾತ್ರ. ಈ ಧೈರ್ಯದ ಮೇಲೆ ವುಡ್ ಹೊಸ ಕೃತಿಗಳನ್ನು ಸಾಲುಸಾಲಾಗಿ ನುಡಿಸಿದ. ಆಧುನಿಕ ಸಂಗೀತದ ದಿಕ್ಕನ್ನೇ ಬದಲಿಸಿದ ಶೋನ್‌ಬರ್ಗ್‌ನ ‘ವಾದ್ಯವೃಂದಕ್ಕಾಗಿ ಐದು ರಚನೆಗಳು’ ಜಗತ್ತಿನಲ್ಲೇ ಮೊದಲ ಬಾರಿಗೆ ಕೇಳಿಬಂದದ್ದು 1912ರ ಸೆಪ್ಟೆಂಬರ್ 3ರ ಪ್ರಾಮ್ ಕಛೇರಿಯಲ್ಲಿ. ಕೇಳಿದವರಲ್ಲಿ ಅನೇಕರು ಬುಸುಗುಟ್ಟಿ ಅಸಮಾಧಾನ ತೋರಿಸಿದರು. ಆದರೆ ಮರುವರ್ಷವೂ ಅಂಗಳ ತುಂಬಿತು.

ಒಳಗಿನ ಕಟ್ಟುಪಾಡುಗಳನ್ನೂ ವುಡ್ ತಿದ್ದಿದ. ಬೇರೆಡೆ ಹೆಚ್ಚು ಹಣ ಸಿಕ್ಕರೆ ವಾದಕರು ತಮ್ಮ ಜಾಗಕ್ಕೆ ಬದಲಿಯವನನ್ನು ಕಳಿಸಿ ಜಾರಿಕೊಳ್ಳುವ ರೂಢಿಯಿತ್ತು. 1904ರಲ್ಲಿ ಅದನ್ನು ನಿಲ್ಲಿಸಿದಾಗ ಸುಮಾರು 40 ವಾದಕರು ಸಿಟ್ಟಿನಿಂದ ಹೊರನಡೆದು ತಮ್ಮದೇ ತಂಡ ಕಟ್ಟಿದರು. ಅದೇ ಇಂದು ಜಗತ್ಪ್ರಸಿದ್ಧವಾಗಿರುವ ಲಂಡನ್ ಸಿಂಫನಿ ಆರ್ಕೆಸ್ಟ್ರಾ. 1913ರಲ್ಲಿ ವುಡ್ ತನ್ನ ವಾದ್ಯವೃಂದಕ್ಕೆ ಮಹಿಳೆಯರನ್ನು ಸೇರಿಸಿಕೊಂಡ.

ನಿಜವಾದ ಪರೀಕ್ಷೆ ಬಂದದ್ದು 1914ರ ಆಗಸ್ಟ್‌ನಲ್ಲಿ, ಜರ್ಮನಿಯೊಂದಿಗೆ ಯುದ್ಧ ಆರಂಭವಾದಾಗ. ವೈರಿದೇಶದ ಸಂಗೀತ ಬೇಡ ಎಂಬ ಕೂಗು ಎದ್ದಿತು. ಗೊತ್ತುಪಡಿಸಿದ್ದ ವ್ಯಾಗ್ನರ್ ಕಛೇರಿಯನ್ನು ಕೈಬಿಡಬೇಕಾಯಿತು. ಆದರೆ ಕೆಲವೇ ದಿನಗಳಲ್ಲಿ ನ್ಯೂಮನ್, ಸಂಗೀತಕ್ಕೆ ದೇಶದ ಗಡಿಗಳಿಲ್ಲವೆಂದು ಪ್ರಕಟಿಸಿ ಜರ್ಮನ್ ಕೃತಿಗಳನ್ನು ಮರಳಿ ತಂದ. ಸಂಗೀತ ಉಳಿಯಿತು, ಅದನ್ನು ಪೋಷಿಸಿದ ಮನುಷ್ಯ ಉಳಿಯಲಿಲ್ಲ. ನ್ಯೂಮನ್ ದಿವಾಳಿಯಾದಾಗ ಉತ್ಸವವನ್ನು ಕಾಪಾಡಿದ್ದ ಬ್ಯಾಂಕರ್ ಎಡ್ಗರ್ ಸ್ಪೇಯರ್ ಜರ್ಮನ್ ಮೂಲದವನೆಂಬ ಕಾರಣಕ್ಕೆ ಜನದ್ವೇಷಕ್ಕೆ ಗುರಿಯಾಗಿ 1915ರಲ್ಲಿ ಅಮೆರಿಕಕ್ಕೆ ಹೊರಟುಹೋದ.

1927ರಲ್ಲಿ ಬಿಬಿಸಿ ಉತ್ಸವದ ಹೊಣೆ ಹೊತ್ತುಕೊಂಡಿತು. ಎರಡನೆಯ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಅದು ಕೈಬಿಟ್ಟಾಗಲೂ ವುಡ್ ಕಛೇರಿಗಳನ್ನು ನಿಲ್ಲಗೊಡಲಿಲ್ಲ. 1941ರ ಮೇ 10ರ ರಾತ್ರಿ ಬಾಂಬಿನ ಬೆಂಕಿಗೆ ಕ್ವೀನ್ಸ್ ಹಾಲ್ ಸುಟ್ಟು ಬೂದಿಯಾಯಿತು. ಅವಶೇಷಗಳಲ್ಲಿ ವುಡ್‌ನ ಕಂಚಿನ ಎದೆಪ್ರತಿಮೆ ಸಿಕ್ಕಿತು. ಅದೇ ಬೇಸಿಗೆಯಲ್ಲಿ ಉತ್ಸವ ಆಲ್ಬರ್ಟ್ ಹಾಲ್‌ಗೆ ಬಂತು. ಇಂದಿಗೂ ಆ ಪ್ರತಿಮೆಯನ್ನು ಉತ್ಸವದುದ್ದಕ್ಕೂ ವೇದಿಕೆಯ ಹಿಂಬದಿಯಲ್ಲಿ ಇಟ್ಟಿರುತ್ತಾರೆ. ಕೊನೆಯ ದಿನ ಅದಕ್ಕೆ ಎಲೆಗಳ ಹಾರ ಹಾಕುವವರು ಗಣ್ಯರಲ್ಲ. ಅಂಗಳದಲ್ಲಿ ನಿಂತು ಕೇಳಿದವರ ಪ್ರತಿನಿಧಿಗಳು.

ಮೈಸೂರಿನ ನಂಟು

ಹೊಸ ಜಾಗದ ದೊಡ್ಡ ದೋಷವೆಂದರೆ ಮಾರ್ದನಿ. ಬ್ರಿಟಿಷ್ ಸಂಗೀತಕಾರನೊಬ್ಬ ತನ್ನ ಕೃತಿಯನ್ನು ಎರಡು ಸಲ ಕೇಳಬೇಕಾದರೆ ಇಲ್ಲಿಗೇ ಬರಬೇಕು ಎಂಬ ಚಟಾಕಿಯೇ ಇತ್ತು. 1969ರಲ್ಲಿ ಛಾವಣಿಯಿಂದ ಅಣಬೆಯಾಕಾರದ ತಟ್ಟೆಗಳನ್ನು ಇಳಿಬಿಟ್ಟ ಮೇಲೆ ಅದು ಬಹುಮಟ್ಟಿಗೆ ಹತೋಟಿಗೆ ಬಂತು.

ಈ ಸಭಾಂಗಣದ ಚರಿತ್ರೆಯಲ್ಲಿ ಕನ್ನಡ ನಾಡಿನ ಹೆಸರೂ ಸೇರಿದೆ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದದ್ದು ಇಲ್ಲಿ. ಹಾಡಿದವಳು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವನು ಫುರ್ಟ್‌ವೆಂಗ್ಲರ್. ಖರ್ಚಿಗೆ ಆಸರೆಯಾಗಿ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರ್. ‘ಶ್ರೀವಿದ್ಯಾ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಈ ವಾಗ್ಗೇಯಕಾರರು ಪಾಶ್ಚಾತ್ಯ ಸಂಗೀತದ ಗಂಭೀರ ರಸಿಕರೂ ಆಗಿದ್ದರು. ಅಂದು ಅವರಿಗೆ ಹೋಗಲಾಗದ ಕಾರಣ ಅವರಿಗಾಗಿಯೇ ಕಛೇರಿಯನ್ನು ಧ್ವನಿಮುದ್ರಿಸಲಾಯಿತು. ಅದು ಪ್ರಾಮ್ಸ್ ಉತ್ಸವದ ಕಛೇರಿಯಲ್ಲ. ಆದರೆ ಅದೇ ವೇದಿಕೆಗೆ 1971ರಲ್ಲಿ ಪ್ರಾಮ್ಸ್ ಮೂಲಕವೇ ಭಾರತೀಯ ಶಾಸ್ತ್ರೀಯ ಸಂಗೀತ ಬಂತು. ನುಡಿಸಿದವರು ಸಿತಾರ್, ಸುರಬಹಾರ್ ವಾದಕ ಇಮ್ರತ್ ಖಾನ್.

ಅಂಗಳದ ರೀತಿ ರಿವಾಜು

ಅಂಗಳದಲ್ಲಿ ನಿಲ್ಲುವವರಿಗೆ ‘ಪ್ರಾಮರ್’ ಎಂದು ಹೆಸರು. ಅವರಿಗೆ ಅವರದೇ ಸಂಪ್ರದಾಯಗಳಿವೆ. ಪಿಯಾನೋದ ಮುಚ್ಚಳ ಎತ್ತುವಾಗ ಅಂಗಳದವರು ಒಂದು ಕೂಗು ಹಾಕುತ್ತಾರೆ, ಮೇಲಿನ ಗ್ಯಾಲರಿಯವರು ಅದಕ್ಕೆ ಮರುಕೂಗು ಕೊಡುತ್ತಾರೆ. ನಮ್ಮಲ್ಲಿ ಭಾರ ಎತ್ತುವವರು ‘ಐಲೇಸಾ’ ಎನ್ನುವಂತೆ. ಶ್ರುತಿ ಕೂಡಿಸಲು ಪಿಯಾನೋದ ಒಂದು ಸ್ವರ ಒತ್ತಿದರೂ ಚಪ್ಪಾಳೆ ತಟ್ಟುತ್ತಾರೆ. ಸಂಗೀತ ಕ್ಷೇತ್ರದ ದತ್ತಿಗಳಿಗಾಗಿ ಚಂದಾ ಎತ್ತುತ್ತಾರೆ. ಆದರೆ ಸಂಗೀತ ಆರಂಭವಾಯಿತೋ, ಸಾವಿರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಇಷ್ಟು ಹತ್ತಿರದಲ್ಲಿ ಇಷ್ಟು ಜನ ಅಲುಗಾಡದೆ ಕೇಳುವುದು ಕಲಾವಿದನಿಗೂ ಅಪರೂಪದ ಅನುಭವ.

ಇಂಥ ಶ್ರೋತೃಗಳ ಎದುರಿಗೆ ಎಂದೂ ಮರೆಯದ ಸಂಜೆಗಳು ಬಂದಿವೆ. 1968ರ ಆಗಸ್ಟ್ 21ರಂದು ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರವನ್ನು ಹೊಕ್ಕವು. ಅದೇ ಸಂಜೆ ಇಲ್ಲಿ ನುಡಿಸಬೇಕಾಗಿದ್ದುದು ಸೋವಿಯತ್ ವಾದ್ಯವೃಂದ. ಕೃತಿ ಚೆಕ್ ನಾಡಿನ ಡ್ವೊರಾಕ್‌ನದು. ಹೊರಗೂ ಒಳಗೂ ಪ್ರತಿಭಟನೆಯ ಕೂಗುಗಳೆದ್ದವು. ಚೆಲ್ಲೋ ವಾದಕ ರಾಸ್ಟ್ರೊಪೊವಿಚ್ ಕಣ್ಣೀರು ತುಂಬಿಕೊಂಡು ನುಡಿಸಿ, ಕೊನೆಗೆ ಡ್ವೊರಾಕ್‌ನ ಸ್ವರಲಿಪಿಯ ಪುಸ್ತಕವನ್ನು ಜನರಿಗೆ ಎತ್ತಿ ತೋರಿಸಿದ. ಬಾಯಿಬಿಟ್ಟು ಹೇಳಲಾಗದ ಮಾತನ್ನು ಹಾಗೆ ಹೇಳಿದ ಎಂದು ಅಲ್ಲಿದ್ದವರು ಅರ್ಥಮಾಡಿಕೊಂಡರು. 1974ರಲ್ಲಿ ಇನ್ನೊಂದು ಬಗೆಯ ಘಟನೆ. ಕಛೇರಿಯ ನಡುವೆ ಗಾಯಕ ತಲೆಸುತ್ತಿ ಬಿದ್ದಾಗ, ಕೇಳಲು ಬಂದಿದ್ದ ಯುವ ಗಾಯಕನೊಬ್ಬ ವೇದಿಕೆ ಹತ್ತಿ ಉಳಿದ ಭಾಗವನ್ನು ಹಾಡಿ ಮುಗಿಸಿದ!

ಕೊನೆಯ ರಾತ್ರಿಯ ಜಗಳ

ಹೊರಗಿನವರಿಗೆ ಪ್ರಾಮ್ಸ್ ಎಂದರೆ ‘ಕೊನೆಯ ರಾತ್ರಿ’ ಮಾತ್ರ. ಬಾವುಟ, ಬಣ್ಣದ ಟೋಪಿ, ಒಕ್ಕೊರಲಿನ ದೇಶಭಕ್ತಿ ಗೀತೆ, ಟಿವಿ ಕ್ಯಾಮೆರಾ – ಉತ್ಸವದ ಬೆಡಗೆಲ್ಲ ಅಂದೇ. ಈ ರೂಪ ಬಹಳ ಹಳೆಯದಲ್ಲ. ಮಾಲ್ಕಮ್ ಸಾರ್ಜೆಂಟ್ ಎಂಬ ನಿರ್ದೇಶಕ 1950ರ ದಶಕದಲ್ಲಿ ಗಟ್ಟಿಗೊಳಿಸಿದ್ದು. ಆ ರಾತ್ರಿಯ ವಾದ್ಯವೃಂದವನ್ನು ಮಹಿಳೆಯೊಬ್ಬರು, ಮರಿನ್ ಆಲ್ಸಪ್, ಮೊದಲ ಬಾರಿಗೆ ನಿರ್ದೇಶಿಸಿದ್ದು 2013ರಲ್ಲಿ, ಉತ್ಸವ ಆರಂಭವಾಗಿ 118 ವರ್ಷಗಳಾದ ಮೇಲೆ. ಸಾಮ್ರಾಜ್ಯದ ಹೆಮ್ಮೆಯನ್ನು ಸಾರುವ ಗೀತೆಗಳು ಇನ್ನೂ ಬೇಕೇ ಎಂಬ ವಾದ 2020ರಲ್ಲಿ ಭುಗಿಲೆದ್ದಿತು. ಮೊದಲು ಸಾಹಿತ್ಯವಿಲ್ಲದೆ ವಾದ್ಯದಲ್ಲಷ್ಟೇ ನುಡಿಸುವುದೆಂದು ನಿರ್ಧರಿಸಿದ ಬಿಬಿಸಿ, ಗಲಾಟೆಯ ನಂತರ ಸಣ್ಣ ಗಾಯನವೃಂದದಿಂದ ಹಾಡಿಸಿತು. ಕೋವಿಡ್‌ನಿಂದಾಗಿ ಆ ವರ್ಷ ಎದುರಿಗೆ ಶ್ರೋತೃಗಳೇ ಇರಲಿಲ್ಲ.

ಇನ್ನೊಂದು ಜಗಳ ಕುರ್ಚಿಗಳದು. ಆಲ್ಬರ್ಟ್ ಹಾಲ್ ಕಟ್ಟುವಾಗ ಹಣ ಕೂಡಿಸಲು ತಲಾ 100 ಪೌಂಡಿಗೆ ಆಸನಗಳನ್ನು 999 ವರ್ಷಗಳ ಗೇಣಿಗೆ ಮಾರಲಾಯಿತು. ಇಂದಿಗೂ ಒಟ್ಟು 5,272 ಆಸನಗಳಲ್ಲಿ 1,276 ಖಾಸಗಿಯವರ ಸ್ವತ್ತು. ಕೆಲವರು ತಮ್ಮ ಪಾಲಿನ ಟಿಕೆಟುಗಳನ್ನು ಹಲವು ಪಟ್ಟು ಬೆಲೆಗೆ ಮಾರಿಕೊಳ್ಳುತ್ತಾರೆ ಎಂಬ ಆಕ್ಷೇಪ ಬಹುಕಾಲದಿಂದ ಇದೆ. ಒಂದೇ ಸೂರಿನಡಿ ಒಂದು ಕಡೆ ಹತ್ತು ಶತಮಾನಗಳ ಹಕ್ಕುಪತ್ರ, ಇನ್ನೊಂದು ಕಡೆ ಅಂದಂದಿನ ಅಗ್ಗದ ಚೀಟಿ. ನಗರದ ಸೊಬಗು ಯಾರಿಗೆ ಸೇರಬೇಕು ಎಂಬ ಪ್ರಶ್ನೆಗೆ ಆ ಕಟ್ಟಡ ಎರಡು ಉತ್ತರಗಳನ್ನೂ ಒಟ್ಟಿಗೇ ಇಟ್ಟುಕೊಂಡಿದೆ.

ಈ ಉತ್ಸವವನ್ನು ಸವಿಯಬಯಸುವವರಿಗೆ ಬೇಕಾದದ್ದು ದೊಡ್ಡ ಹಣವಲ್ಲ. 2024ರಲ್ಲಿ ನಿಂತು ಕೇಳುವ ಟಿಕೆಟಿನ ಬೆಲೆ 8 ಪೌಂಡ್. ಕೊನೆಯ ರಾತ್ರಿಗೆ ಎಲ್ಲರೂ ಮುಗಿಬೀಳುತ್ತಾರೆ. ಆದ್ದರಿಂದ ಅದಕ್ಕೆ ಮುಂಚಿನ ಕಛೇರಿಗಳಲ್ಲಿ ಐದಕ್ಕಾದರೂ ಟಿಕೆಟು ಪಡೆದವರಿಗಾಗಿ ಒಂದು ಚೀಟಿ ಎತ್ತುವ ಕ್ರಮವಿದೆ. ಬೆಡಗಿನ ರಾತ್ರಿ ಬೇಕಾದರೆ ಬೆಡಗಿಲ್ಲದ ಐದು ಸಂಜೆಗಳಿಗೆ ಬಾ ಎನ್ನುವ ಈ ನಿಯಮದಲ್ಲಿ ನ್ಯೂಮನ್‌ನ ಹಳೆಯ ಉಪಾಯವೇ ಉಳಿದುಕೊಂಡಿದೆ. ಆ ಐದರಲ್ಲಿ ಎಂದೂ ಹೆಸರು ಕೇಳದ ಒಂದು ಕೃತಿ ಕಿವಿಗೆ ಬಿದ್ದೇ ಬೀಳುತ್ತದೆ. ಎರಡು ಗಂಟೆ ನಿಲ್ಲುವ ಕಾಲು, ಗೊತ್ತಿಲ್ಲದ್ದನ್ನು ಕೇಳುವ ಕಿವಿ – ಈ ಎರಡಿದ್ದರೆ ಅಗ್ಗದ ಬೆಲೆಗೆ ವೇದಿಕೆಯ ಎದುರಿನ ಜಾಗ ದೊರೆಯುತ್ತದೆ.