ರಾಜಧಾನಿ ನೋಡಲು ಲಂಡನ್ನಿಗೇ ಹೋಗಬೇಕೇ?

ರಜೆ ಬಂತೆಂದರೆ ಕೆಲವರು ಲಂಡನ್, ಪ್ಯಾರಿಸ್ ಎಂದು ಹೊರಡುತ್ತಾರೆ. ಹಳೆಯ ರಾಜಧಾನಿಯನ್ನು ಸುತ್ತಿ, ಅಲ್ಲಿನ ಊಟದ ರುಚಿ ನೋಡಿ, ಪೇಟೆ ಬೀದಿಯಲ್ಲಿ ಒಂದಿಷ್ಟು ಕೊಂಡು ಬರುತ್ತಾರೆ. ಒಳ್ಳೆಯದೇ. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮಕ್ಕಳಿಗೆ ವಿಮಾನ ಹತ್ತದೆಯೇ ನೋಡಬಹುದಾದ ರಾಜಧಾನಿಯೊಂದಿದೆ. ಬೆಳಿಗ್ಗೆ ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಅದೇ ಹಳೇಬೀಡು; ಹೊಯ್ಸಳರ ಕಾಲದ ದೋರಸಮುದ್ರ.

ಪ್ಯಾರಿಸ್ಸಿನ ಹೆಸರಾಂತ ನೋತ್ರ್ ದಾಮ್ ಚರ್ಚಿನ ಕೆಲಸ ಶುರುವಾದದ್ದು 1163ರಲ್ಲಿ. ಆ ಹೊತ್ತಿಗೆ ನಮ್ಮ ಹೊಯ್ಸಳೇಶ್ವರ ದೇವಾಲಯದಲ್ಲಿ ಉಳಿಯ ಸದ್ದು ಕೇಳತೊಡಗಿ ಸುಮಾರು ನಲವತ್ತು ವರ್ಷ ಕಳೆದಿತ್ತು. ಆದರೆ ಒಂದು ವ್ಯತ್ಯಾಸವಿದೆ. ಆ ಚರ್ಚಿನ ಸುತ್ತ ಇಂದಿಗೂ ದೊಡ್ಡ ನಗರವೇ ಬದುಕಿದೆ. ಹಳೇಬೀಡಿನಲ್ಲಿ ಅರಮನೆ ಇಲ್ಲ, ಆ ಕಾಲದ ಪೇಟೆ ಇಲ್ಲ. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರ್ ದಂಡೆತ್ತಿ ಬಂದ. ಮುಂದೆ ತುಘಲಕನ ಕಾಲದಲ್ಲಿ ಇನ್ನೊಂದು ದಾಳಿ ನಡೆಯಿತು. ರಾಜಧಾನಿ ಪಾಳುಬಿತ್ತು. ‘ಬೀಡು’ ಎಂದರೆ ನೆಲೆಸಿದ ತಾಣ. ಬಿಟ್ಟುಹೋದ ಬೀಡು ಹಳೇಬೀಡಾಯಿತು.

ಹಾಗಾದರೆ ಇಲ್ಲದ ಊರನ್ನು ನೋಡುವುದು ಹೇಗೆ? ಅದಕ್ಕೊಬ್ಬ ಗೈಡ್ ಬೇಕು. ಆ ಗೈಡ್ ನಿಮ್ಮ ಮನೆಯಲ್ಲೇ ಇದ್ದಾರೆ, ಮಕ್ಕಳೇ. ಅಜ್ಜನನ್ನೋ ಅಜ್ಜಿಯನ್ನೋ ಕೈಹಿಡಿದು ಕರೆದುಕೊಂಡು ಹೋಗಿ.

ಗೋಡೆಯೇ ಪುಸ್ತಕ

ದೇವಾಲಯದ ಹೊರಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮೊದಲ ಸಾಲಿನಲ್ಲಿ ಆನೆಗಳು, ಸಾವಿರಕ್ಕೂ ಹೆಚ್ಚು. ಒಂದರಂತೆ ಇನ್ನೊಂದಿದೆಯೇ ಎಂದು ಹುಡುಕುವುದೇ ಒಂದು ಆಟ. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಅವನ್ನು ದಾಟಿದರೆ ಪುರಾಣದ ಕತೆಗಳ ಸಾಲು, ಆಮೇಲೆ ಮಕರ, ಹಂಸ. ಇನ್ನೂ ಮೇಲೆ ಆಳೆತ್ತರದ ದೇವತೆಗಳು. ಇಷ್ಟು ನಯವಾಗಿ ಕೆತ್ತಲು ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆದುವಾಗಿರುವ ಈ ಕಲ್ಲು ಗಾಳಿಗೆ ಮೈಯೊಡ್ಡಿ ಗಟ್ಟಿಯಾಗುತ್ತದೆ.

ರಾವಣ ಕೈಲಾಸ ಎತ್ತುತ್ತಿದ್ದಾನೆ. ಕೃಷ್ಣ ಗೋವರ್ಧನ ಗಿರಿ ಹಿಡಿದಿದ್ದಾನೆ. ಅಭಿಮನ್ಯು ಚಕ್ರವ್ಯೂಹದೊಳಗೆ ಸಿಕ್ಕಿಕೊಂಡಿದ್ದಾನೆ. ಕತೆ ಗೊತ್ತಿಲ್ಲದವರಿಗೆ ಇವೆಲ್ಲ ಬರೀ ಕಲ್ಲು. ಒಂದು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಕತೆ ಗೊತ್ತಿರುವ ಅಜ್ಜಿ ಜೊತೆಗಿದ್ದರೆ ಐದು ಅಡಿ ಗೋಡೆ ದಾಟಲು ಅರ್ಧ ಗಂಟೆ ಬೇಕು. ಕೈಕಾಲು ಮುರಿದ ವಿಗ್ರಹಗಳು ಅಲ್ಲಿ ಬೇಕಾದಷ್ಟಿವೆ. ಆದರೂ ದಾಳಿಗಳಿಂದ ಆ ಕತೆಗಳು ಅಳಿಯಲಿಲ್ಲ. ಹೇಳುವವರು ಸುಮ್ಮನಾದರೆ, ಕೇಳುವವರು ಮೊಬೈಲಿನಲ್ಲಿ ಮುಳುಗಿದರೆ ಮಾತ್ರ ಅಳಿಯುತ್ತವೆ. ಅಜ್ಜ ಅಜ್ಜಿಯರೇ, ಹೊರಡುವ ಹಿಂದಿನ ರಾತ್ರಿ ಒಂದೆರಡು ಕತೆ ನೆನಪು ಮಾಡಿಕೊಂಡಿರಿ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಜೈನ ಬಸದಿಗಳಿವೆ. ಪಾರ್ಶ್ವನಾಥ ಬಸದಿಯ ಕಂಬಗಳು ಎಷ್ಟು ನುಣುಪೆಂದರೆ ನಿಮ್ಮ ಮುಖ ಅಲ್ಲಿ ಕಾಣುತ್ತದೆ. ಇದನ್ನು 1133ರಲ್ಲಿ ಕಟ್ಟಿಸಿದವನು ದಂಡನಾಯಕ ಗಂಗರಾಜನ ಮಗ ಬೊಪ್ಪ, ತೀರಿಹೋದ ತಂದೆಯ ನೆನಪಿಗಾಗಿ. ಶಾಸನದಲ್ಲಿ ಒಂದು ಸೊಗಸಾದ ಸಂಗತಿ ಇದೆ. ಪ್ರತಿಷ್ಠೆಯ ಪ್ರಸಾದ ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ದೊರೆ ವಿಷ್ಣುವರ್ಧನನ ಬಳಿಗೆ ಹೋದರು. ಆಗಷ್ಟೇ ಅವನಿಗೆ ಯುದ್ಧದಲ್ಲಿ ಜಯ ಸಿಕ್ಕಿತ್ತು, ಗಂಡುಮಗುವೂ ಹುಟ್ಟಿತ್ತು. ಹಿಗ್ಗಿದ ದೊರೆ ದೇವರಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ!

ವಿಷ್ಣುವರ್ಧನ ಆಲೂಗೆಡ್ಡೆ ತಿಂದಿರಲಿಲ್ಲ

ಈಗ ಊಟದ ಹೊತ್ತು. ಹುಲ್ಲಿನ ಮೇಲೆ ಮರದ ನೆರಳಲ್ಲಿ ಕುಳಿತು ಚಿತ್ರಾನ್ನದ ಡಬ್ಬಿ ಬಿಚ್ಚಿ. ಇಲ್ಲೊಂದು ಒಗಟು: ವಿಷ್ಣುವರ್ಧನ ಎದುರು ಬಂದು ಕುಳಿತರೆ ಈ ಡಬ್ಬಿಯಲ್ಲಿ ಅವನಿಗೆ ಗುರುತು ಸಿಗದ್ದು ಯಾವುದು?

ಅಕ್ಕಿ, ಅರಿಶಿನ, ಸಾಸಿವೆ, ಕರಿಬೇವು ಅವನಿಗೆ ಗೊತ್ತು. ಮೆಣಸಿನಕಾಯಿ, ಕಡಲೆಕಾಯಿ ಗೊತ್ತಿಲ್ಲ! ಇವೆರಡೂ ಅಮೆರಿಕ ಖಂಡದ ಬೆಳೆಗಳು. ಟೊಮೆಟೊ, ಆಲೂಗೆಡ್ಡೆ, ಹೊಗೆಸೊಪ್ಪು ಕೂಡ ಅಲ್ಲಿಯವೇ. 1498ರಲ್ಲಿ ವಾಸ್ಕೋ ಡ ಗಾಮ ಕಡಲ ದಾರಿ ಹಿಡಿದು ಬಂದ ಮೇಲೆ ಯುರೋಪಿಯನ್ನರ ಹಡಗುಗಳಲ್ಲಿ ಒಂದೊಂದಾಗಿ ಇಲ್ಲಿಗೆ ಬಂದವು. ಹಾಸನದ ಆಲೂಗೆಡ್ಡೆಗೆ ಇಂದು ದೊಡ್ಡ ಹೆಸರು, ಅರಕಲಗೂಡಿನ ಹೊಲಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತದೆ. ಹೊಯ್ಸಳರು ಇವೆರಡನ್ನೂ ಕಂಡವರಲ್ಲ. ಅವರ ಸಾರಿಗೆ ಖಾರ ಬರುತ್ತಿದ್ದದ್ದು ಕರಿಮೆಣಸು, ಶುಂಠಿಯಿಂದ. ಕಾಫಿಯೂ ಇರಲಿಲ್ಲ. ಅಜ್ಜನಿಗೆ ಆ ರಾಜಧಾನಿಯಲ್ಲಿ ತಲೆನೋವು ಬರುತ್ತಿತ್ತೇನೋ!

ರಾಗಿ, ತೆಂಗಿನಕಾಯಿ, ಬೆಲ್ಲ, ತುಪ್ಪ ಮಾತ್ರ ಅಂದೂ ಇದ್ದವು, ಇಂದೂ ಇವೆ. ವಿಷ್ಣುವರ್ಧನನ ಕಾಲದಲ್ಲೇ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಇಡ್ಲಿ, ದೋಸೆಗಳನ್ನು ಹೋಲುವ ತಿಂಡಿಗಳ ವರ್ಣನೆ ಇದೆ. ಹಾಗೆ ನೋಡಿದರೆ ಬೆಳಗಿನ ತಟ್ಟೆಯಲ್ಲಿ ಸುಮಾರು ಒಂಬೈನೂರು ವರ್ಷ ಹಿಂದಿನ ಅಡುಗೆಮನೆಯ ನೆಂಟಸ್ತನವಿದೆ.

ಪೇಟೆಗೆ ಹೋಗೋಣವೇ?

ದೇವಾಲಯದ ಹೊರಗೆ ಈಗ ಎಳನೀರು, ಸೌತೆಕಾಯಿ, ಪುಟ್ಟ ಕಲ್ಲಿನ ಆನೆ, ಗಣಪ ಸಿಗುತ್ತವೆ. ಹೊಯ್ಸಳರ ಕಾಲದಲ್ಲಿ ಕೊಳ್ಳಲು ಹೋದವರ ಕೈಯಲ್ಲಿ ಏನಿರುತ್ತಿತ್ತು? ಗದ್ಯಾಣ, ಪಣ, ಹಾಗ ಎಂಬ ನಾಣ್ಯಗಳು. ಆ ‘ಪಣ’ವೇ ನಮ್ಮ ‘ಹಣ’. ‘ಪಾಲು’ ‘ಹಾಲು’ ಆದ ಹಾಗೆ. ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನ ತನ್ನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂದು ಅಚ್ಚ ಕನ್ನಡದಲ್ಲೇ ಬರೆಸಿದ.

ಪೇಟೆಯ ದುಡ್ಡು ಬರೀ ಪೆಟ್ಟಿಗೆಯಲ್ಲಿ ಕೂರಲಿಲ್ಲ. ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು 1113ರ ಸುಮಾರಿಗೆ ಕಟ್ಟಿಸಿದವರು ರಾಜರಲ್ಲ, ಒಬ್ಬ ವರ್ತಕ ಮತ್ತು ಅವನ ಹೆಂಡತಿ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ 1246ರದು, ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ್ದು. ಅಲ್ಲಿ ಶಿಲ್ಪಿಗಳಾದ ಮಲ್ಲಿತಮ್ಮ, ಬೈಚೋಜ ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಅವರು ಬರೆದುಕೊಂಡದ್ದು ತಾವೇ ಕಡೆದ ವಿಗ್ರಹದ ಅಡಿಯಲ್ಲಿ. ನಾವು ಮೊಳೆಯಿಂದ ಹೆಸರು ಗೀಚಿದರೆ ಅದು ಬೇರೆಯವರ ಪುಸ್ತಕ ಹರಿದಂತೆ. ಎಣ್ಣೆ ಮೆತ್ತಿದ ಕೈಯಿಂದ ಮುಟ್ಟುವುದೂ ಬೇಡ.

ಹೊರಡುವ ಮುನ್ನ

ಮೂರೂ ಊರುಗಳವರು ಮೊದಲು ಹಾಸನಕ್ಕೆ ಬನ್ನಿ. ಅಲ್ಲಿಂದ ಹಳೇಬೀಡು ಸುಮಾರು 30 ಕಿಲೋಮೀಟರ್. ಆಧಾರ್ ಕಾರ್ಡ್ ಇದ್ದರೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಅಜ್ಜಿಗೂ ಮೊಮ್ಮಗಳಿಗೂ ಟಿಕೆಟ್ ದುಡ್ಡಿಲ್ಲ. ಜೇಬಿಗೆ ಕೈಹಾಕಬೇಕಾದವರು ಅಜ್ಜ ಮಾತ್ರ. ಬಿಸಿಲೇರಿದರೆ ಜಗಲಿಯ ಕಲ್ಲು ಕಾಯುತ್ತದೆ, ಚಪ್ಪಲಿ ಹಾಕುವಂತಿಲ್ಲ. ಬೇಗ ಹೋಗಿ, ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಬಸದಿಯೊಳಗೆ ಟಾರ್ಚ್ ಬೇಕಾಗುತ್ತದೆ. ಪಕ್ಕದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳನ್ನು 2023ರ ಸೆಪ್ಟೆಂಬರ್ 18ರಂದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ದೂರದ ದೇಶದವರೂ ಅದನ್ನು ನೋಡಲು ಬರುತ್ತಾರೆ. ಅವರಲ್ಲೊಬ್ಬರು ಗೋಡೆಯ ಮುಂದೆ ನಿಂತು ‘ಇದೇನು ಕತೆ?’ ಎಂದು ಕೇಳಿದರೆ, ಉತ್ತರ ಹೇಳಲು ಹಾಸನ ಜಿಲ್ಲೆಯ ಒಂದು ಮಗು ಅಲ್ಲಿರಬೇಕು.