ಎಚ್‌ಟಿ-2, ಕಿರಣ್ ಮತ್ತು ನಮ್ಮ ಬೀದರ್ ಆಕಾಶ

ಹುಮನಾಬಾದಿನಲ್ಲಿ ಬೆಳೆದವರಿಗೆ ವಿಮಾನದ ಸದ್ದು ಹೊಸದಲ್ಲ. ಬೀದರ್ ಇಲ್ಲಿಂದ ರಸ್ತೆಯಲ್ಲಿ ಐವತ್ತು ಕಿಲೊಮೀಟರ್ ಆಸುಪಾಸು. ವಾಯುಪಡೆಯ ತರಬೇತಿ ವಿಮಾನಕ್ಕೆ ಅದೊಂದು ದೂರವೇ ಅಲ್ಲ. ತೊಗರಿ ಹೊಲದಲ್ಲಿ ಕಳೆ ತೆಗೆಯುವವರು ಬಾಗಿದ ಬೆನ್ನು ಎತ್ತದೆ ಕೆಲಸ ಮುಂದುವರಿಸುತ್ತಿದ್ದರು. ನಾವು ಹುಡುಗರು ಮಾತ್ರ ಮಾಳಿಗೆ ಏರಿ ಕಣ್ಣಿಗೆ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದೆವು. ಸದ್ದು ಕೇಳಿದರೆ ಸಾಕು, ಅದು ಕಿರಣ್ ಎಂದು ಗೊತ್ತಾಗುತ್ತಿತ್ತು. 2008ರ ಫೆಬ್ರುವರಿಯಲ್ಲಿ ಬೀದರಿನಲ್ಲೇ ಹಾಕ್ ವಿಮಾನಗಳು ವಾಯುಪಡೆಗೆ ಸೇರಿದವು. ಅಲ್ಲಿಂದ ಮುಂದೆ ಈ ಕಡೆಯ ಕಿವಿಗಳು ಇನ್ನೊಂದು ಸದ್ದನ್ನೂ ಗುರುತು ಹಿಡಿದವು.

ವಿಮಾನದ ಹುಚ್ಚು ಹತ್ತಿಸಿದ್ದು ಕಿರಣ್. ಆ ಹುಚ್ಚನ್ನು ಗಟ್ಟಿಮಾಡಿದ್ದು ಕಿರಣ್‌ಗಿಂತ ಹಳೆಯದಾದ, ಹೆಚ್ಚು ಜನರಿಗೆ ಹೆಸರೂ ತಿಳಿಯದ ಎಚ್‌ಟಿ-2. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ ಎಚ್‌ಎಎಲ್ 2001ರಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೆ ಹೋದವರಲ್ಲಿ ಬಹುತೇಕರು ಮಾರುತ್ ಯುದ್ಧವಿಮಾನದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ತಪ್ಪೇನಿಲ್ಲ, ಮಾರುತ್ ಚೆಲುವಾದ ವಿಮಾನ. ಆದರೆ ಮಾರುತ್‌ಗೆ ಹತ್ತು ವರ್ಷ ಮೊದಲೇ, 1951ರ ಆಗಸ್ಟ್‌ನಲ್ಲಿ, ಇದೇ ಬೆಂಗಳೂರಿನ ನೆಲದಿಂದ ಎಚ್‌ಟಿ-2 ಮೇಲೇರಿತ್ತು. ಸ್ವತಂತ್ರ ಭಾರತದ ಎಂಜಿನಿಯರುಗಳು ತಾವೇ ಲೆಕ್ಕ ಹಾಕಿ, ತಾವೇ ನಕ್ಷೆ ಬರೆದು, ತಾವೇ ಕಟ್ಟಿ ಹಾರಿಸಿದ ತರಬೇತಿ ವಿಮಾನ ಅದು. ಆ ತಂಡದ ಮುಂದಾಳು ವಿಷ್ಣು ಮಾಧವ ಘಾಟಗೆ. ಜರ್ಮನಿಯ ಗಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಶಾಸ್ತ್ರ ಕಲಿಸಿದವರು. ಮೊದಲ ಹಾರಾಟದ ಪೈಲಟ್ ಜಮ್ಶೆಡ್ ಮುನ್ಷಿ.

ಎಚ್‌ಟಿ-2 ಹತ್ತಿರ ಹೋಗಿ ನೋಡಬೇಕಾದ ವಿಮಾನ. ರೆಕ್ಕೆಯ ತುದಿಯಿಂದ ತುದಿಗೆ 11 ಮೀಟರ್ ಕೂಡ ಇಲ್ಲ. ಮೂತಿಯಲ್ಲಿ ಕೂತಿರುವುದು 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ಅದರ ನಾಲ್ಕು ಸಿಲಿಂಡರುಗಳು ಒಂದರ ಹಿಂದೆ ಒಂದಾಗಿ ತಲೆಕೆಳಗಾಗಿ ನಿಂತಿರುತ್ತವೆ. ಕ್ರ್ಯಾಂಕ್‌ಶಾಫ್ಟ್ ಮೇಲೆ, ಸಿಲಿಂಡರು ಕೆಳಗೆ. ಹಾಗೆ ಕೂರಿಸಿದರೆ ಪ್ರೊಪೆಲ್ಲರ್ ನೆಲದಿಂದ ಸಾಕಷ್ಟು ಎತ್ತರದಲ್ಲಿರುತ್ತದೆ, ಪೈಲಟ್‌ನ ಕಣ್ಣಿಗೆ ಎಂಜಿನ್ನಿನ ಅಡ್ಡವೂ ಕಡಿಮೆ. ಹಿಂದೆ ಮುಂದೆ ಎರಡು ಆಸನ, ಒಂದು ಕಲಿಯುವವನಿಗೆ, ಇನ್ನೊಂದು ಕಲಿಸುವವನಿಗೆ. ಮಡಚಿಕೊಳ್ಳದ ಎರಡು ಮುಂಗಾಲು, ಬಾಲದ ಕೆಳಗೊಂದು ಪುಟ್ಟ ಚಕ್ರ.

ಆ ಪುಟ್ಟ ಚಕ್ರದಲ್ಲೇ ಇಡೀ ಪಾಠ ಅಡಗಿದೆ. ಬಾಲದ ಚಕ್ರದ ವಿಮಾನ ನೆಲದ ಮೇಲೆ ಮೂತಿ ಎತ್ತಿಕೊಂಡೇ ನಿಲ್ಲುತ್ತದೆ. ಒಳಗೆ ಕೂತವನಿಗೆ ನೇರ ಮುಂದೆ ಏನಿದೆ ಎಂದು ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ರನ್‌ವೇಗೆ ಹೋಗುವಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾವಿನಂತೆ ಹೊರಳುತ್ತ, ಪಕ್ಕದಿಂದ ಇಣುಕುತ್ತ ಸಾಗಬೇಕು. ಇಳಿಯುವಾಗಿನದು ಇನ್ನೂ ಕಠಿಣ. ವಿಮಾನದ ಭಾರಕೇಂದ್ರ ಮುಂಗಾಲುಗಳಿಗಿಂತ ಹಿಂದಿದೆ. ನೆಲ ಮುಟ್ಟಿದ ಮೇಲೆ ಬಾಲ ಚೂರು ಪಕ್ಕಕ್ಕೆ ಸರಿದರೂ ಆ ಭಾರ ಮುಂದಕ್ಕೆ ನುಗ್ಗಲು ನೋಡುತ್ತದೆ. ರಡ್ಡರ್ ಪೆಡಲ್ ಮೇಲಿನ ಕಾಲು ಒಂದು ಕ್ಷಣ ಮೈಮರೆತರೆ ವಿಮಾನ ಗಿರ್ರನೆ ತಿರುಗಿ ನಿಲ್ಲುತ್ತದೆ. ಈ ಕಾರಣಕ್ಕೇ ಬಾಲದ ಚಕ್ರದ ಮೇಲೆ ಕಲಿತವನ ಕಾಲಿಗೆ ಬುದ್ಧಿ ಬಂದಿರುತ್ತದೆ ಎಂಬ ನಂಬಿಕೆ ಹಳೆಯ ಪೈಲಟ್‌ಗಳಲ್ಲಿ ಇಂದಿಗೂ ಇದೆ. ನಾನೂ ಅದನ್ನು ಒಪ್ಪುತ್ತೇನೆ. ಇಂದಿನ ವಿಮಾನದಲ್ಲಿ ಎಷ್ಟೋ ತಪ್ಪುಗಳನ್ನು ಕಂಪ್ಯೂಟರ್ ತಿದ್ದುತ್ತದೆ. ಎಚ್‌ಟಿ-2ರಲ್ಲಿ ಪೈಲಟ್ ತಾನೇ ತಿದ್ದಿಕೊಳ್ಳಬೇಕಿತ್ತು.

ಟೈಗರ್ ಮಾತ್ ಎಂಬ ಬ್ರಿಟಿಷ್ ವಿಮಾನದ ಜಾಗಕ್ಕೆ ಬಂದ ಎಚ್‌ಟಿ-2 ಸುಮಾರು ನಾಲ್ಕು ದಶಕ ದುಡಿಯಿತು. ಘಾನಾ ದೇಶವೂ ಹನ್ನೆರಡು ವಿಮಾನ ಕೊಂಡಿತು. ನಮಗೆ ಮುಖ್ಯವಾದದ್ದು ಬೇರೆ: ವಾಯುಪಡೆಯ ಪ್ರಾಥಮಿಕ ಹಾರಾಟ ಶಾಲೆ ಬೀದರಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಹುಡುಗರು ಕಲಿತದ್ದು ಇದರ ಮೇಲೆ. ದೇಶದ ಎಷ್ಟೋ ಪೈಲಟ್‌ಗಳು ಮೊಟ್ಟಮೊದಲು ಒಬ್ಬರೇ ಹಾರಿದಾಗ ಅವರ ಕೆಳಗೆ ಇದ್ದದ್ದು ನಮ್ಮ ಕೆಮ್ಮಣ್ಣಿನ ನೆಲ.

ಬೀದರಿನ ವಿಮಾನ ನೆಲೆಯ ಚರಿತ್ರೆ ನಿಜಾಮರ ಕಾಲಕ್ಕೆ ಹೋಗುತ್ತದೆ. ಅದರಲ್ಲಿ ಕಹಿಯೂ ಇದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಲು ಒಪ್ಪದೆ ನಿಂತಾಗ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ಪೈಲಟ್ ಕರಾಚಿಯಿಂದ ರಾತ್ರಿ ಹೊತ್ತು ಶಸ್ತ್ರಾಸ್ತ್ರ ತುಂಬಿದ ಲಂಕಾಸ್ಟ್ರಿಯನ್ ವಿಮಾನಗಳನ್ನು ತಂದು ಬೀದರ್, ವರಂಗಲ್ ಕಡೆ ಇಳಿಸಿದ. ಲಂಕಾಸ್ಟರ್ ಬಾಂಬರನ್ನು ಬದಲಿಸಿ ಮಾಡಿದ, ನಾಲ್ಕು ಎಂಜಿನ್ನಿನ ದೊಡ್ಡ ವಿಮಾನ ಅದು. ಕಾಟನ್ ಹೆಸರಾಂತ ವೈಮಾನಿಕ. ಎರಡನೇ ಮಹಾಯುದ್ಧದಲ್ಲಿ ಆಕಾಶದಿಂದ ಶತ್ರುನೆಲದ ಚಿತ್ರ ತೆಗೆಯುವ ಕೆಲಸಕ್ಕೆ ಬುನಾದಿ ಹಾಕಿದವನು. ಅಂಥವನು ಹೊತ್ತು ತಂದ ಬಂದೂಕುಗಳಿಗೆ, ಆ ವರ್ಷ ಗೋರ್ಟಾದಂಥ ಹತ್ಯಾಕಾಂಡ ಕಂಡ ಈ ಸೀಮೆಯಲ್ಲಿ ಏನು ಅರ್ಥವಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್‌ನ ನ್ಯಾಯಾಲಯ ಅವನಿಗೆ ವಿಧಿಸಿದ ದಂಡ 200 ಪೌಂಡ್.

ಅದೇ 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರ ರಸ್ತೆಯಿಂದ ಒಳಬಂತು. ಮರುದಿನ ಉಮರ್ಗಾದಿಂದ ಹೊರಟ ತುಕಡಿಯ ದಾರಿಯಲ್ಲಿ ಹೊಂಚು ಹಾಕಿ ಕೂತವರಿರುವುದು ಆಕಾಶದಿಂದ ಕಂಡಿತ್ತು. ಟೆಂಪೆಸ್ಟ್ ವಿಮಾನಗಳನ್ನು ಕರೆಸಲಾಯಿತು. ಅವು ದಾಳಿ ಮಾಡಿ ದಾರಿ ತೆರವು ಮಾಡಿದ ಮೇಲೆ, ಅಂದು ಮಧ್ಯಾಹ್ನದ ಹೊತ್ತಿಗೆ ಸೇನೆ ರಾಜೇಶ್ವರ ತಲುಪಿತು. ಇವತ್ತು ಸಸ್ತಾಪುರ ಬಂಗ್ಲಾ ದಾಟಿ ಹುಮನಾಬಾದ್ ಕಡೆಗೆ ಹೆದ್ದಾರಿಯಲ್ಲಿ ಬರುವವರು ಹಾದುಹೋಗುವ, ಬಸವಕಲ್ಯಾಣ ತಾಲ್ಲೂಕಿನ ಅದೇ ರಾಜೇಶ್ವರ. ಟೆಂಪೆಸ್ಟ್ ಎಂದರೆ ಒಬ್ಬನೇ ಕೂರುವ, ಹದಿನೆಂಟು ಸಿಲಿಂಡರಿನ, ಸುಮಾರು 2,500 ಅಶ್ವಶಕ್ತಿಯ ವಿಮಾನ. ಪ್ರೊಪೆಲ್ಲರ್ ಇಟ್ಟುಕೊಂಡು ಯುದ್ಧವಿಮಾನ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಹೋದ ಯಂತ್ರ. ಅದರ ನಂತರದ್ದು ಜೆಟ್ ಯುಗ.

ಆ ಟೆಂಪೆಸ್ಟ್‌ಗಳು ಏನಾದವು? ಸೇವೆ ಮುಗಿದ ಮೇಲೆ ಹಲವು ನಮ್ಮ ವಾಯುನೆಲೆಗಳ ಅಂಚಿನಲ್ಲಿ ಮಳೆಗಾಳಿಗೆ ಬಿದ್ದಿದ್ದವು. 1970ರ ದಶಕದ ಕೊನೆಗೆ ಬ್ರಿಟನ್‌ನ ಆಸಕ್ತರು ಬಂದು ಕೆಲವನ್ನು ಕೊಂಡೊಯ್ದರು. ಭಾರತದಲ್ಲಿ ದುಡಿದ ಒಂದು ಟೆಂಪೆಸ್ಟ್ ಈಗ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಸಂಗ್ರಹದಲ್ಲಿದೆ. ನಾವು ಗುಜರಿ ಎಂದುಕೊಂಡದ್ದು ಅವರಿಗೆ ಚರಿತ್ರೆಯಾಗಿತ್ತು.

ಎಚ್‌ಟಿ-2 ನಂತರ ಬೀದರ್ ಆಕಾಶ ಕಿರಣ್‌ನದಾಯಿತು. 1964ರ ಸೆಪ್ಟೆಂಬರ್ 4ರಂದು ಅದನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್, ಬೆಂಗಳೂರಿನ ರಸ್ತೆಯೊಂದಕ್ಕೆ ಹೆಸರಾಗಿರುವವರು. ಕಿರಣ್‌ನಲ್ಲಿ ಗುರು ಶಿಷ್ಯ ಇಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಶಿಷ್ಯನ ಕೈ ನಡುಗಿದರೂ ಗುರುವಿನ ಕಣ್ಣಿಗೆ ಬೀಳುತ್ತದೆ.

1996ರಲ್ಲಿ ಬೀದರಿನಲ್ಲಿ, ಇದೇ ಕಿರಣ್ ವಿಮಾನಗಳಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ ಹುಟ್ಟಿತು. ಮೊದಲು ಆರು ವಿಮಾನ, 1998ರ ಹೊತ್ತಿಗೆ ಒಂಬತ್ತು. ರೆಕ್ಕೆಗೆ ರೆಕ್ಕೆ ಕೆಲವೇ ಮೀಟರ್ ಅಂತರದಲ್ಲಿ ಅವು ಹಾರುವುದನ್ನು ಊರೂರು ನಿಬ್ಬೆರಗಾಗಿ ನೋಡಿತು. ಅಭ್ಯಾಸ ನಡೆಯುತ್ತಿದ್ದದ್ದು ಇಲ್ಲಿ. ಬೆಲೆ ತೆತ್ತದ್ದೂ ಇಲ್ಲೇ. 2006ರ ಮಾರ್ಚ್‌ನಲ್ಲಿ ಇಬ್ಬರು, 2009ರ ಜನವರಿಯಲ್ಲಿ ಒಬ್ಬರು ಪೈಲಟ್ ಬೀದರ್ ಬಳಿ ಜೀವ ಬಿಟ್ಟರು. ಅದೇ 2009ರಲ್ಲಿ ಹೊಸಬರಿಗೆ ಕಲಿಸುತ್ತಿದ್ದ ಎಚ್‌ಪಿಟಿ-32 ವಿಮಾನಗಳ ಹಾರಾಟ ನಿಂತುಹೋಯಿತು. ಕಲಿಸಲು ವಿಮಾನ ಸಾಲದಾಯಿತು. 2011ರಲ್ಲಿ ಸೂರ್ಯಕಿರಣ್ ಪ್ರದರ್ಶನ ನಿಲ್ಲಿಸಿ ಅದರ ಕಿರಣ್‌ಗಳನ್ನು ತರಬೇತಿಗೆ ಬಿಟ್ಟುಕೊಟ್ಟರು. ಚಪ್ಪಾಳೆ ಗಿಟ್ಟಿಸುತ್ತಿದ್ದ ವಿಮಾನ ಮರಳಿ ಪಾಠ ಹೇಳಲು ಹೋಯಿತು. ಆ ವಿಮಾನದ ಮೇಲಿನ ನನ್ನ ಗೌರವ ಇಮ್ಮಡಿಯಾದದ್ದು ಅಂದು. 2015ರಲ್ಲಿ ತಂಡ ಹಾಕ್ ವಿಮಾನಗಳೊಂದಿಗೆ ಮತ್ತೆ ಮೇಲೇರಿತು.

2020ರ ಫೆಬ್ರುವರಿ 7ರಿಂದ ಬೀದರಿನಿಂದ ಬೆಂಗಳೂರಿಗೆ ಜನ ಟಿಕೆಟ್ ಕೊಂಡು ಹಾರಲು ಶುರುಮಾಡಿದರು. ನಡುನಡುವೆ ಆ ಸೇವೆ ನಿಂತದ್ದೂ ಉಂಟು.

ಹಳೆಯ ವಿಮಾನವನ್ನು ಕಂಬದ ಮೇಲೆ ನಿಲ್ಲಿಸಿ ಬಣ್ಣ ಬಳಿದರೆ ಸಾಲದು, ಅದು ಹಾರಬೇಕು ಎನ್ನುವವನು ನಾನು. ಹಾರಿಸುವುದು ಸುಲಭವಲ್ಲ ನಿಜ. ಸಿರಸ್ ಎಂಜಿನ್ ಮಾಡುವವರು ಈಗಿಲ್ಲ, ಬಿಡಿಭಾಗ ಸಿಗುವುದಿಲ್ಲ, ಅದರ ಮೇಲೆ ಕೈ ಪಳಗಿದ ಮೆಕ್ಯಾನಿಕ್‌ಗಳು ನಿವೃತ್ತರಾಗಿದ್ದಾರೆ. ಆದರೂ ಆಗದ ಕೆಲಸವಲ್ಲ. ವಾಯುಪಡೆಯ ವಿಂಟೇಜ್ ತುಕಡಿಯಲ್ಲಿ ಟೈಗರ್ ಮಾತ್ ಇದೆ, ಹಾರ್ವರ್ಡ್ ಇದೆ. 2018ರಲ್ಲಿ ಡಕೋಟಾ ಕೂಡ ಬಂತು. ಡಕೋಟಾ ಪೈಲಟ್ ಆಗಿದ್ದ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಅವರ ಮಗ, ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರ್, ಹಾಳುಬಿದ್ದಿದ್ದ ವಿಮಾನವೊಂದನ್ನು ಬ್ರಿಟನ್‌ನಲ್ಲಿ ರಿಪೇರಿ ಮಾಡಿಸಿ ವಾಯುಪಡೆಗೆ ಕೊಟ್ಟರು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಹೊತ್ತೊಯ್ದ ಡಕೋಟಾದ ವಿಪಿ 905 ಎಂಬ ಸಂಖ್ಯೆಯನ್ನೇ ಅದಕ್ಕೆ ಇಟ್ಟಿದ್ದಾರೆ. ಆದರೆ ಟೈಗರ್ ಮಾತ್, ಹಾರ್ವರ್ಡ್, ಡಕೋಟಾ ಮೂರೂ ಹೊರದೇಶದ ವಿನ್ಯಾಸಗಳು. ನಾವೇ ಯೋಚಿಸಿ ಮಾಡಿದ ಎಚ್‌ಟಿ-2ಗೂ ಆ ಸಾಲಿನಲ್ಲಿ ಹಾರುವ ಹಕ್ಕಿದೆ. ಅದನ್ನು ಸಿದ್ಧಪಡಿಸುವ ಕೆಲಸ ಬೆಂಗಳೂರಿನಲ್ಲೇ ನಡೆಯಬೇಕು. ಆಗ ಆ ಕೈಕಸುಬು ಇಲ್ಲಿನ ಹುಡುಗರಿಗೂ ದಾಟುತ್ತದೆ.

ಅದು ಎಚ್‌ಎಎಲ್ ಮತ್ತು ವಾಯುಪಡೆ ಮನಸ್ಸು ಮಾಡಬೇಕಾದ ಮಾತು. ನಮ್ಮ ಕೈಯಲ್ಲಿರುವ ಕೆಲಸವೂ ಒಂದಿದೆ. ಟೆಂಪೆಸ್ಟ್‌ಗಳನ್ನು ಕಣ್ಣಾರೆ ಕಂಡಿರಬಹುದಾದ ಹಿರಿಯರು ಈಗ ತೊಂಬತ್ತರ ಸನಿಹದಲ್ಲಿದ್ದಾರೆ. ಬೀದರ್ ನೆಲೆಯಲ್ಲಿ ಎಚ್‌ಟಿ-2ಗೆ ಎಣ್ಣೆ ಹಾಕಿದ, ಚಕ್ರ ಬದಲಿಸಿದ ಕೈಗಳಿಗೂ ವಯಸ್ಸಾಗಿದೆ. ಬಸವಕಲ್ಯಾಣ, ಹುಮನಾಬಾದಿನ ಕಾಲೇಜುಗಳ ಇತಿಹಾಸ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳ ಕೈಗೆ ಫೋನು ಕೊಟ್ಟು ಇವರ ಮಾತು ರೆಕಾರ್ಡ್ ಮಾಡಿಸಲಿ. ಮನೆಯಲ್ಲಿ ಅಂಥ ಅಜ್ಜ, ಅಜ್ಜಿ ಇರುವವರು ಈ ಭಾನುವಾರವೇ ಅವರ ಪಕ್ಕ ಕೂತು ಕೇಳಿ, ಬರೆದಿಟ್ಟುಕೊಳ್ಳಿ.